ಮೊದಲ ಸೋಲು ಯಾರ ಪಾಲಿಗೆ?

ಖಳರ ತಂಡವೊಂದನ್ನು ತಿಂಗಳುಗಟ್ಟಲೆ ಗೆಲ್ಲಿಸುತ್ತ ಹೋಗುವುದು ಅಂಥ ಕಷ್ಟದ ಕೆಲಸವೇನಲ್ಲ. ಮೂವರು ಸೇರಿ ಒಬ್ಬನನ್ನು ಬಡಿದರೆ ಯಾರು ಬೇಕಾದರೂ ನಂಬುತ್ತಾರೆ. ಪ್ರೊಫೆಷನಲ್ ರೆಸ್ಲಿಂಗ್‌ನಲ್ಲಿ ತೆರೆಮರೆಯಲ್ಲಿ ಕೂತು ಯಾರು ಗೆಲ್ಲಬೇಕು, ಹೇಗೆ ಗೆಲ್ಲಬೇಕು ಎಂದು ತೀರ್ಮಾನಿಸುವ ಬುಕರ್‌ಗೆ ನಿಜವಾದ ಪರೀಕ್ಷೆ ಇರುವುದು ಆ ತಂಡ ಮೊದಲ ಸಲ ಸೋಲುವ ದಿನ. ಅಜೇಯರೆಂಬ ಹೆಸರು ಒಂದೇ ಸಲ ಮುರಿಯುತ್ತದೆ, ಎರಡನೇ ಸಲ ಮುರಿಯಲು ಏನೂ ಉಳಿದಿರುವುದಿಲ್ಲ. ಅಷ್ಟು ದಿನ ಕೂಡಿಟ್ಟ ಆ ಬೆಲೆ ಯಾರ ಕೈ ಸೇರಬೇಕು? ಈಗಾಗಲೇ ಶಿಖರದಲ್ಲಿರುವವನಿಗೆ ಕೊಟ್ಟರೆ ಅದು ವ್ಯರ್ಥ. ಮೇಲೇರುವ ಯೋಗ್ಯತೆಯಿದ್ದೂ ಇನ್ನೂ ಏರದವನಿಗೇ ಅದು ಸಲ್ಲಬೇಕು. ಡಬ್ಲ್ಯೂಡಬ್ಲ್ಯೂಇ ಕಂಪನಿ ಮೂರು ವರ್ಷಗಳ ಅಂತರದಲ್ಲಿ ಇದನ್ನು ಒಮ್ಮೆ ಕೆಡಿಸಿತು, ಒಮ್ಮೆ ಸರಿಯಾಗಿ ಮಾಡಿತು. ಎರಡು ಕಡೆಯೂ ಡ್ಯಾನಿಯಲ್ ಬ್ರಯಾನ್ ಇದ್ದ.

ಕೆಡಿಸಿದ ಕಥೆ ನೆಕ್ಸಸ್ ಎಂಬ ಖಳರ ತಂಡದ್ದು. 2010ರ ಜೂನ್ 7ರ ರಾತ್ರಿ ಮಯಾಮಿಯಲ್ಲಿ ನಡೆದ ‘ರಾ’ ಎಂಬ ವಾರದ ಟಿವಿ ಕಾರ್ಯಕ್ರಮದಲ್ಲಿ ಎಂಟು ಮಂದಿ ಹೊಸಬರು ರಿಂಗ್ ಸುತ್ತುವರಿದು ಜಾನ್ ಸೀನಾನನ್ನು ಬಡಿದು ಹಾಕಿದರು. ಅಷ್ಟಕ್ಕೇ ಬಿಡಲಿಲ್ಲ; ರಿಂಗ್‌ನ ಹಗ್ಗ ಕಳಚಿ, ಹಾಸು ಕಿತ್ತು, ಒಳಗಿನ ಹಲಗೆ ಕಾಣುವಂತೆ ಮಾಡಿದರು. ಆ ಗಲಾಟೆಯಲ್ಲಿ ಬ್ರಯಾನ್ ಉದ್ಘೋಷಕನ ಕುತ್ತಿಗೆಗೆ ಅವನದೇ ಟೈ ಬಿಗಿದ. ಟಿವಿಗೆ ಅದು ಅತಿಯಾಯಿತೆಂದು ಕಂಪನಿ ಅವನನ್ನು ಕೆಲಸದಿಂದ ತೆಗೆಯಿತು. ಉಳಿದ ಏಳು ಮಂದಿ ಆ ಬೇಸಿಗೆಯುದ್ದಕ್ಕೂ ಕಂಡವರನ್ನೆಲ್ಲ ಕೆಡವುತ್ತ ಬಂದರು.

ಆಗಸ್ಟ್ 15ರಂದು ಲಾಸ್ ಏಂಜಲೀಸ್‌ನ ಸಮ್ಮರ್‌ಸ್ಲ್ಯಾಮ್‌ನಲ್ಲಿ ಏಳು ಮಂದಿಗೆ ಏಳು ಮಂದಿ ಎದುರಾದರು. ಸೀನಾನ ತಂಡದ ಏಳನೆಯವನಾಗಿ ಬಂದದ್ದು ಯಾರೂ ನಿರೀಕ್ಷಿಸದ ಬ್ರಯಾನ್. ಸೋತವರು ಒಬ್ಬೊಬ್ಬರಾಗಿ ಹೊರಬಿದ್ದು ಕೊನೆಗೆ ಸೀನಾ ಒಬ್ಬನೇ ಉಳಿದ, ಎದುರಿಗೆ ನೆಕ್ಸಸ್‌ನ ವೇಡ್ ಬ್ಯಾರೆಟ್ ಮತ್ತು ಜಸ್ಟಿನ್ ಗೇಬ್ರಿಯಲ್. ರಿಂಗ್ ಹೊರಗಿನ ಮೆತ್ತೆ ಸರಿಸಿ ಬರಿ ಕಾಂಕ್ರೀಟಿನ ಮೇಲೆ ಸೀನಾನ ತಲೆಯನ್ನು ಡಿಡಿಟಿ ಎಂಬ ಪಟ್ಟಿನಿಂದ ಕುಕ್ಕಿದರು. ಅಲ್ಲಿಗೆ ಪಂದ್ಯ ಮುಗಿಯಬೇಕಿತ್ತು. ಆದರೆ ಗೇಬ್ರಿಯಲ್ ಮೇಲಿಂದ ಹಾರಿದ್ದು ಗುರಿ ತಪ್ಪಿತು, ಸೀನಾ ಅವನ ಭುಜಗಳನ್ನು ಮೂರು ಎಣಿಸುವವರೆಗೆ ನೆಲಕ್ಕೊತ್ತಿ ಪಿನ್ ಮಾಡಿದ, ಹಿಂದೆಯೇ ಬ್ಯಾರೆಟ್‌ಗೆ ಎಸ್‌ಟಿಎಫ್ ಪಟ್ಟು ಹಾಕಿ ಸೋಲೊಪ್ಪಿಸಿದ. ಆ ಪಂದ್ಯದಲ್ಲಿದ್ದ ಎಡ್ಜ್ ಮತ್ತು ಕ್ರಿಸ್ ಜೆರಿಕೊ ಈ ಮುಕ್ತಾಯ ಬೇಡವೆಂದು ತಾವು ವಾದಿಸಿದ್ದಾಗಿ ಮುಂದೆ ಬಹಿರಂಗವಾಗಿಯೇ ಹೇಳಿದ್ದಾರೆ. ಅವರ ಮಾತೇ ಸರಿ. ಕಾಂಕ್ರೀಟಿಗೆ ತಲೆ ಬಡಿಸಿಕೊಂಡವನು ಎದ್ದು ಇಬ್ಬರನ್ನು ಸೋಲಿಸಿದನೆಂದರೆ ಆ ಇಬ್ಬರ ಬಲ ಎಷ್ಟು? ಸೀನಾನಿಗೆ ಆ ಗೆಲುವಿನಿಂದ ಹೊಸದಾಗಿ ಏನೂ ಬರಲಿಲ್ಲ. ಅವನು ಆಗಲೇ ಹಲವು ಸಲ ಚಾಂಪಿಯನ್. ಖಳರು ಸೋಲಲೇಬೇಕಿದ್ದರೆ, ಅವರ ಗುಂಪಿನಿಂದಲೇ ಹೊರಬಿದ್ದು ಲೆಕ್ಕ ತೀರಿಸಲು ಬಂದ ಬ್ರಯಾನ್ ಅದೇ ರಿಂಗ್‌ನಲ್ಲಿದ್ದನಲ್ಲ! ಪಂದ್ಯದ ಮೊದಲ ಕ್ಷಣಗಳಲ್ಲೇ ಡ್ಯಾರೆನ್ ಯಂಗ್‌ನನ್ನು ಸೋಲೊಪ್ಪಿಸಿ ಹೊರಕಳಿಸಿದವನು ಅವನೇ. ಅವನನ್ನು ಕೊನೆಯವರೆಗೆ ಉಳಿಸಿಕೊಳ್ಳುವ ಧೈರ್ಯವನ್ನು ಬುಕರ್ ತೋರಲಿಲ್ಲ.

ಇದಕ್ಕೂ ಮೊದಲು, 1997ರ ಡಿಸೆಂಬರ್ 28ರಂದು, ಡಬ್ಲ್ಯೂಸಿಡಬ್ಲ್ಯೂ ಕಂಪನಿ ಹಲ್ಕ್ ಹೋಗನ್‌ನ ಎನ್‌ಡಬ್ಲ್ಯೂಒ ತಂಡದ ಎದುರು ಸ್ಟಿಂಗ್‌ನನ್ನು ಇಳಿಸಿತು. ಗೆಲ್ಲಬೇಕಾದವನ ಆಯ್ಕೆ ಸರಿಯಾಗಿಯೇ ಇತ್ತು. ವರ್ಷಕ್ಕೂ ಹೆಚ್ಚು ಕಾಲ ಅವನು ಮುಖಕ್ಕೆ ಬಿಳಿ ಕಪ್ಪು ಬಣ್ಣ ಬಳಿದುಕೊಂಡು, ಮಾತಿಲ್ಲದೆ, ಛಾವಣಿಯ ಕಬ್ಬಿಣದ ಮೇಲಿಂದ ನೋಡುತ್ತ ನಿಂತಿದ್ದ. ಆದರೆ ಹೋಗನ್ ಸ್ಟಿಂಗ್‌ನನ್ನು ಪಿನ್ ಮಾಡಿದಾಗ ರೆಫರಿ ಮೋಸದಿಂದ ಬೇಗ ಎಣಿಸಬೇಕಿದ್ದ ಮೂರನ್ನು ಮಾಮೂಲಿನಂತೆಯೇ ಎಣಿಸಿಬಿಟ್ಟ. ನೋಡಿದವರ ಕಣ್ಣಿಗೆ ಸ್ಟಿಂಗ್ ನ್ಯಾಯವಾಗಿಯೇ ಸೋತಿದ್ದ. ಆಮೇಲೆ ಕುಸ್ತಿಪಟು ಬ್ರೆಟ್ ಹಾರ್ಟ್ ಬಂದು ಪಂದ್ಯ ಮತ್ತೆ ಶುರು ಮಾಡಿಸಿದರೂ ಕೆಟ್ಟದ್ದು ಸರಿಹೋಗಲಿಲ್ಲ. ಸೋಲು ಅನುಮಾನಕ್ಕೆ ಎಡೆಯಿಲ್ಲದಷ್ಟು ಸ್ಪಷ್ಟವಾಗಿರಬೇಕು.

ಈಗ ಸರಿಯಾಗಿ ಮಾಡಿದ ಕಥೆಗೆ, ಶೀಲ್ಡ್ ಎಂಬ ಖಳರ ತಂಡಕ್ಕೆ ಬರುತ್ತೇನೆ. ಡೀನ್ ಆಂಬ್ರೋಸ್, ಸೆತ್ ರಾಲಿನ್ಸ್, ರೋಮನ್ ರೈನ್ಸ್. 2012ರ ನವೆಂಬರ್ 18ರಂದು ಸರ್ವೈವರ್ ಸೀರೀಸ್‌ನಲ್ಲಿ ಮೂವರೂ ಮೊದಲು ಕಾಣಿಸಿಕೊಂಡರು. ಕಪ್ಪು ಕವಚ ತೊಟ್ಟು, ಮಾಮೂಲಿ ದಾರಿ ಬಿಟ್ಟು, ಪ್ರೇಕ್ಷಕರ ಮೆಟ್ಟಿಲುಗಳಿಂದ ಇಳಿದು ಬರುತ್ತಿದ್ದರು. ಯಕ್ಷಗಾನದ ಬಣ್ಣದ ವೇಷ ರಂಗಕ್ಕೆ ಬರುವ ಮೊದಲೇ ಆರ್ಭಟ ಕೇಳಿಸಿ ಸಭೆಯನ್ನು ಎಚ್ಚರಿಸುವಂತೆ, ಅವರ ಸಂಗೀತದ ಆರಂಭದ ರೇಡಿಯೊ ಸಂಕೇತದ ದನಿ ಕೇಳಿದೊಡನೆ ಇಡೀ ಅಂಗಣ ತಿರುಗಿ ಮೆಟ್ಟಿಲ ಕಡೆ ನೋಡುತ್ತಿತ್ತು. ಅವರ ತಂತ್ರ ಸರಳ: ಎದುರಾಳಿ ತಂಡದ ಒಬ್ಬನನ್ನು ಬೇರ್ಪಡಿಸು, ಉಳಿದವರು ನೆರವಿಗೆ ಬರದಂತೆ ತಡೆ, ಮೂವರೂ ಎತ್ತಿ ಪವರ್‌ಬಾಂಬ್ ಕೊಡು. 2013ರ ಫೆಬ್ರುವರಿಯಲ್ಲಿ ಸೀನಾ, ಶೇಮಸ್, ರೈಬ್ಯಾಕ್ ಸೋತರು. ಏಪ್ರಿಲ್ 7ರ ರೆಸಲ್‌ಮೇನಿಯಾದಲ್ಲಿ ರ‍್ಯಾಂಡಿ ಆರ್ಟನ್, ಬಿಗ್ ಶೋ, ಶೇಮಸ್. ಅದೇ ತಿಂಗಳ 22ರಂದು ಲಂಡನ್ನಿನಲ್ಲಿ ಅಂಡರ್‌ಟೇಕರ್ ಇದ್ದ ತಂಡವೇ ಸೋತಿತು.

ಬುಕರ್‌ನ ಜಾಣತನ ಇಲ್ಲಿಂದಲೇ ಕಾಣುತ್ತದೆ. ಅದೇ ವಾರದ ಸ್ಮ್ಯಾಕ್‌ಡೌನ್ ಎಂಬ ಟಿವಿ ಕಾರ್ಯಕ್ರಮದಲ್ಲಿ ಅಂಡರ್‌ಟೇಕರ್ ಆಂಬ್ರೋಸ್‌ನನ್ನು ಒಬ್ಬಂಟಿ ಪಂದ್ಯದಲ್ಲಿ ಸೋಲಿಸಿದ. ಪಂದ್ಯ ಮುಗಿದ ಮೇಲೆ ಮೂವರೂ ಸೇರಿ ಅಂಡರ್‌ಟೇಕರ್‌ನನ್ನು ವೀಕ್ಷಕ ವಿವರಣೆಗಾರರ ಮೇಜಿನ ಮೇಲೆ ಕೆಡವಿದರು, ಮೇಜು ಮುರಿಯಿತು. ಒಬ್ಬೊಬ್ಬನೇ ಸಿಕ್ಕರೆ ಇವರನ್ನು ಸೋಲಿಸಬಹುದು, ಮೂವರೂ ಕೂಡಿದರೆ ಆಗದು ಎಂಬುದು ಯಾರೂ ಬಾಯಿಬಿಟ್ಟು ಹೇಳದೆಯೇ ನೋಡುಗನಿಗೆ ತಿಳಿಯಿತು. ಮೇ ತಿಂಗಳಲ್ಲಿ ಡಿಸ್‌ಕ್ವಾಲಿಫಿಕೇಶನ್‌ನಿಂದ ಒಂದು ಸೋಲು ಬಂತು. ನಿಯಮ ಮುರಿದು ಸೋತದ್ದನ್ನು ಯಾರೂ ಸೋಲೆಂದು ಲೆಕ್ಕ ಹಿಡಿಯಲಿಲ್ಲ, ಆದರೆ ಗೋಡೆಯಲ್ಲಿ ಸಣ್ಣ ಬಿರುಕು ಕಂಡಿತ್ತು.

ಆ ಹೊತ್ತಿಗೆ ಬ್ರಯಾನ್ ಮತ್ತು ಕೇನ್ ಜೋಡಿ ಟ್ಯಾಗ್ ಪಟ್ಟವನ್ನು, ಅಂದರೆ ಜೋಡಿಗಳ ಚಾಂಪಿಯನ್ ಪಟ್ಟವನ್ನು, ಶೀಲ್ಡ್‌ಗೆ ಕಳೆದುಕೊಂಡಿತ್ತು. ತಂಡದಲ್ಲಿ ದುರ್ಬಲನು ನಾನೇ ಎಂದು ಎಲ್ಲರೂ ತಿಳಿದಿದ್ದಾರೆ ಎಂಬ ಕೊರಗು ಬ್ರಯಾನ್‌ನನ್ನು ಹಿಡಿದಿತ್ತು. ಕೇನ್ ಸಮಾಧಾನ ಹೇಳಿದರೂ ಸಿಟ್ಟು, ಆರ್ಟನ್ ಹೆಗಲು ತಟ್ಟಿದರೂ ಸಿಟ್ಟು. ಕುಳ್ಳ, ಗಡ್ಡಧಾರಿ, ಪ್ರತಿ ಹೊಡೆತಕ್ಕೂ ಮೈಯ ಬಲವನ್ನೆಲ್ಲ ಸುರಿಯುವವನು. ಜೂನ್ 14ರಂದು ಪ್ರಸಾರವಾದ ಸ್ಮ್ಯಾಕ್‌ಡೌನ್‌ನಲ್ಲಿ ಬ್ರಯಾನ್, ಆರ್ಟನ್, ಕೇನ್ ಒಂದಾಗಿ ಶೀಲ್ಡ್‌ಗೆ ಎದುರಾದರು. ಕೊನೆಗೆ ಬ್ರಯಾನ್ ರಾಲಿನ್ಸ್‌ನ ತೋಳನ್ನು ತನ್ನ ಕಾಲುಗಳಲ್ಲಿ ಸಿಕ್ಕಿಸಿ, ಮುಖಕ್ಕೆ ಎರಡೂ ಕೈ ಅಡ್ಡ ಕಟ್ಟಿ ಹಿಂದಕ್ಕೆ ಜಗ್ಗಿದ. ರಾಲಿನ್ಸ್ ನೆಲ ತಟ್ಟಿದ.

ಪಿನ್ ಮಾಡಿಸದೆ ಸೋಲೊಪ್ಪಿಸಿದ್ದೇ ಇಲ್ಲಿನ ಸೊಗಸು. ಮೂರು ಎಣಿಸುವುದರೊಳಗೆ ಭುಜ ಎತ್ತಲಾಗಲಿಲ್ಲ ಎಂದರೆ ಅದು ಆ ಹೊತ್ತಿನ ಎಡವಟ್ಟೆಂದು ಖಳ ನಾಳೆ ವಾದಿಸಬಹುದು. ತಾನೇ ಕೈಯಾರೆ ನೆಲ ತಟ್ಟಿದವನಿಗೆ ಆ ದಾರಿಯಿಲ್ಲ. ರಾಲಿನ್ಸ್‌ನನ್ನು ಆರಿಸಿದ್ದೂ ಸರಿ. ರೈನ್ಸ್ ಆ ತಂಡದ ಬಲ, ಅವನನ್ನು ಮುಟ್ಟದೆ ಉಳಿಸಬೇಕಿತ್ತು. ನೋವನ್ನು ಮೈಯ ಒಂದೊಂದು ಎಳೆಯಲ್ಲೂ ತೋರಿಸಬಲ್ಲವನು ರಾಲಿನ್ಸ್. ಅವನೂ ಬ್ರಯಾನ್‌ನೂ ರಿಂಗ್ ಆಫ್ ಆನರ್ ಎಂಬ ಸಣ್ಣ ಕಂಪನಿಯಲ್ಲಿ ಪಳಗಿ, ಅಲ್ಲಿನ ವಿಶ್ವ ಚಾಂಪಿಯನ್ನರಾಗಿ ಬಂದವರು. ಪಟ್ಟು ಹಾಕುವವನಿಗೂ ಹಾಕಿಸಿಕೊಳ್ಳುವವನಿಗೂ ಒಂದೇ ಭಾಷೆ ಗೊತ್ತಿತ್ತು.

ಇಂಥ ಸೋಲನ್ನು ಹಣ ಕೊಟ್ಟು ನೋಡುವ ದೊಡ್ಡ ರಾತ್ರಿಗೆ ಇಡಬೇಕು, ವಾರದ ಕಾರ್ಯಕ್ರಮದಲ್ಲಿ ಯಾಕೆ ಖರ್ಚು ಮಾಡಿದರು ಎಂದು ಕೇಳುವ ಅಭಿಮಾನಿಗಳಿದ್ದಾರೆ. ನಾನು ಒಪ್ಪುವುದಿಲ್ಲ. ದೊಡ್ಡ ರಾತ್ರಿಯಲ್ಲಿ ಸೋತರೆ ಜನ ಅದನ್ನು ಕಥೆಯ ಮುಕ್ತಾಯವೆಂದು ತಿಳಿದು ಮನೆಗೆ ಹೋಗುತ್ತಾರೆ. ಶುಕ್ರವಾರ ಸೋತರೆ ಭಾನುವಾರ ಏನಾಗುತ್ತದೋ ಎಂಬ ಪ್ರಶ್ನೆ ಹುಟ್ಟುತ್ತದೆ. ಎರಡೇ ದಿನದಲ್ಲಿ, ಜೂನ್ 16ರ ಪೇಬ್ಯಾಕ್ ಎಂಬ ದೊಡ್ಡ ರಾತ್ರಿಯಲ್ಲಿ, ರಾಲಿನ್ಸ್ ಮತ್ತು ರೈನ್ಸ್ ಜೋಡಿ ಬ್ರಯಾನ್, ಆರ್ಟನ್ ಜೋಡಿಯನ್ನು ಸೋಲಿಸಿ ಪಟ್ಟ ಉಳಿಸಿಕೊಂಡಿತು. ಶೀಲ್ಡ್‌ನ ದರ್ಪ ಒಂದಿನಿತೂ ಕುಗ್ಗಲಿಲ್ಲ. ಬ್ರಯಾನ್‌ಗೆ ದಕ್ಕಿದ್ದು ಬ್ರಯಾನ್‌ನಲ್ಲೇ ಉಳಿಯಿತು.

ನನ್ನ ತಕರಾರು ಬೇರೆಯದೇ. ಆಗ ಸ್ಮ್ಯಾಕ್‌ಡೌನ್ ಮಂಗಳವಾರ ಚಿತ್ರೀಕರಣವಾಗಿ ಶುಕ್ರವಾರ ಪ್ರಸಾರವಾಗುತ್ತಿತ್ತು. ಅಂಗಣದಲ್ಲಿ ನೋಡಿದವರು ಫಲಿತಾಂಶವನ್ನು ಅಂದೇ ಇಂಟರ್ನೆಟ್ಟಿಗೆ ಹಾಕುತ್ತಿದ್ದರು. ಇಲ್ಲಿ ಟೆನ್ ಸ್ಪೋರ್ಟ್ಸ್ ಹಾಕಿ ಕೂತವರಲ್ಲಿ ಎಷ್ಟೋ ಮಂದಿಗೆ ರಾಲಿನ್ಸ್ ನೆಲ ತಟ್ಟುತ್ತಾನೆಂದು ಮೊದಲೇ ಗೊತ್ತಿತ್ತು. ಏಳು ತಿಂಗಳು ಕಟ್ಟಿದ್ದನ್ನು ಒಡೆಯುವಾಗ ನೇರ ಪ್ರಸಾರದ ‘ರಾ’ವನ್ನೇ ಆರಿಸಿಕೊಳ್ಳಬೇಕಿತ್ತು. ಮೂರು ದಿನ ಹಳತಾದ ಆಶ್ಚರ್ಯ ಆಶ್ಚರ್ಯವೇ ಅಲ್ಲ.

ಆದರೂ ಆ ಗೆಲುವು ಎಲ್ಲಿಗೆ ಮುಟ್ಟಿತು ನೋಡಿ. ಆಗಸ್ಟ್ 18ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ಬ್ರಯಾನ್ ಸೀನಾನನ್ನೇ ಯಾವ ಮೋಸವೂ ಇಲ್ಲದೆ ಪಿನ್ ಮಾಡಿ ಚಾಂಪಿಯನ್ ಆದ. ಆ ರಾತ್ರಿಯೇ ಟ್ರಿಪಲ್ ಎಚ್ ಮತ್ತು ಆರ್ಟನ್ ಸೇರಿ ಪಟ್ಟ ಕಸಿದುಕೊಂಡರು. 2014ರ ಏಪ್ರಿಲ್ 6ರ ರೆಸಲ್‌ಮೇನಿಯಾದಲ್ಲಿ ಬಟಿಸ್ಟಾನಿಗೆ, ರಾಲಿನ್ಸ್‌ಗೆ ಹಾಕಿದ್ದ ಅದೇ ಪಟ್ಟು ಹಾಕಿ ಬ್ರಯಾನ್ ಚಾಂಪಿಯನ್ ಪಟ್ಟವನ್ನು ಮರಳಿ ಪಡೆದ. ನೆಲ ತಟ್ಟಿದ್ದ ರಾಲಿನ್ಸ್ 2015ರ ರೆಸಲ್‌ಮೇನಿಯಾದಲ್ಲಿ ಚಾಂಪಿಯನ್. 2016ರ ಜೂನ್ 19ರಂದು ರೈನ್ಸ್, ರಾಲಿನ್ಸ್, ಆಂಬ್ರೋಸ್ ಒಂದೇ ರಾತ್ರಿಯಲ್ಲಿ ಒಬ್ಬರಾದ ಮೇಲೊಬ್ಬರು ಆ ಪಟ್ಟ ಹಿಡಿದರು. ನೆಕ್ಸಸ್‌ನ ನಾಯಕ ಬ್ಯಾರೆಟ್‌ಗೆ ಅದು ಒಮ್ಮೆಯೂ ಸಿಗಲಿಲ್ಲ.