ಹದಿನಾಲ್ಕು ಸೀಟಿನ ಬಸ್ಸು ಮತ್ತು ಓದದೇ ಉಳಿದ ಕಲ್ಲುಗಳು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳನ್ನು ಎರಡು ದಿನದಲ್ಲಿ ತೋರಿಸುವ ಸಣ್ಣ ಗುಂಪಿನ ಪಾರಂಪರಿಕ ಪ್ರವಾಸವೊಂದು ಕಳೆದ ಮಾರ್ಚ್ ತಿಂಗಳಲ್ಲಿ ನಡೆಯಿತು. ಹದಿನಾಲ್ಕು ಸೀಟಿನ ಬಸ್ಸು, ಜೊತೆಗೊಬ್ಬ ಗೈಡ್, ಊಟ ವಸತಿ ಎಲ್ಲ ಸೇರಿ ಒಂದು ದರ. ಆಯೋಜಕರ ಹೆಸರು ಇಲ್ಲಿ ಬೇಡ, ಯಾಕಂದ್ರೆ ನಾನು ಹೇಳಬೇಕಾಗಿರೋದು ಒಬ್ಬರ ಮೇಲಿನ ದೂರಲ್ಲ. ಇಂಥ ಪ್ರವಾಸಗಳು ಈಗ ಹೆಚ್ಚುತ್ತಿವೆ, ಇನ್ನೂ ಹೆಚ್ಚಲಿ. ಆದರೆ ಇವು ಹಳ್ಳಿಗಾಡಿನ ಇತಿಹಾಸವನ್ನು ಹೇಗೆ ಓದಿಸುತ್ತವೆ ಅನ್ನೋದನ್ನ ಪುಸ್ತಕ ವಿಮರ್ಶೆ ಮಾಡಿದ ಹಾಗೆ ವಿಮರ್ಶೆ ಮಾಡಬೇಕು ಅನ್ನಿಸಿತು.

ಮೊದಲು ಮೆಚ್ಚಿದ್ದನ್ನು ಹೇಳಿಬಿಡ್ತೀನಿ. ಐವತ್ತು ಜನರ ದೊಡ್ಡ ಬಸ್ಸು ಬೆಳಗುತ್ತಿಯಂಥ ಊರಿನ ಓಣಿಗೆ ಹೋಗೋದಿಲ್ಲ, ಹೋದರೂ ಐವತ್ತು ಜನ ಒಂದು ವೀರಗಲ್ಲಿನ ಮುಂದೆ ನಿಲ್ಲೋಕೆ ಆಗೋದಿಲ್ಲ. ಹದಿನಾಲ್ಕು ಜನ ನಿಲ್ಲಬಹುದು, ಪ್ರಶ್ನೆ ಕೇಳಬಹುದು. ಇಂಗ್ಲೆಂಡಿನ ಕಾಟ್ಸ್‌ವೊಲ್ಡ್ಸ್ ಕಡೆ ಹಳ್ಳಿಗಳಲ್ಲಿ ಮಿನಿ ಕೋಚ್ ಪ್ರವಾಸಗಳು ಜನಪ್ರಿಯ ಆಗಿರೋದಕ್ಕೂ ಇದೇ ಕಾರಣ: ಸಣ್ಣ ರಸ್ತೆ, ಸಣ್ಣ ಊರು, ಸಣ್ಣ ಗುಂಪು. ಹಂಪಿ, ಬೇಲೂರು, ಬಾದಾಮಿ ಬಿಟ್ಟು ಚನ್ನಗಿರಿ, ಜಗಳೂರು ಅಂತ ಆಯ್ಕೆ ಮಾಡಿದ್ದೇ ಧೈರ್ಯದ ಕೆಲಸ. ಅದಕ್ಕೆ ಪೂರ್ತಿ ಅಂಕ.

ಸಂತೇಬೆನ್ನೂರು: ವಸಂತದಲ್ಲಿ ವಸಂತ ಮಂಟಪ

ಮೊದಲ ನಿಲ್ದಾಣ ಸಂತೇಬೆನ್ನೂರಿನ ಪುಷ್ಕರಣಿ. ಸಂತೇಬೆನ್ನೂರಿನ ಪಾಳೇಗಾರ ಹನುಮಪ್ಪ ನಾಯಕನ ಹೆಸರಿನ ಜೊತೆ ಬೆಸೆದುಕೊಂಡ ಕೊಳ ಇದು. ಈ ಮನೆತನವೇ ಮುಂದೆ ತರೀಕೆರೆಯ ಪಾಳೇಗಾರರಾಗಿ ಹೆಸರಾಯಿತು. ಗೈಡ್ "ಇದು ರಾಜರ ಈಜುಕೊಳ, ಕಮಲ ಮಹಲಿನ ತಮ್ಮ" ಅಂದರು. ಎಲ್ಲರೂ ಮೊಬೈಲ್ ತೆಗೆದರು.

ಕೊಳದ ನಡುವೆ ನೀರಿನಲ್ಲಿ ನಿಂತಿರುವ ಅಂತಸ್ತಿನ ಮಂಟಪಕ್ಕೆ ಊರಿನವರು ಕರೆಯುವ ಹೆಸರು ವಸಂತ ಮಂಟಪ. ಆ ಹೆಸರೇ ಅದರ ಉಪಯೋಗ ಹೇಳುತ್ತೆ. ವಸಂತೋತ್ಸವದಲ್ಲಿ ದೇವರ ಉತ್ಸವಮೂರ್ತಿಯನ್ನು ತಂಪಾದ ಜಾಗಕ್ಕೆ, ನೀರಿನ ನಡುವಿನ ಮಂಟಪಕ್ಕೆ ತರುವುದು ದೇವಸ್ಥಾನಗಳ ಹಳೆಯ ಪದ್ಧತಿ. ಇದಕ್ಕಿಂತ ಹಿಂದಕ್ಕೆ ಹೋದರೆ, ಕಲ್ಯಾಣ ಚಾಲುಕ್ಯರ, ಹೊಯ್ಸಳರ ಕಾಲದ ದಾನಶಾಸನಗಳಲ್ಲಿ 'ಚೈತ್ರ ಪವಿತ್ರ' ಅನ್ನೋ ಜೋಡಿ ಪದ ಮತ್ತೆ ಮತ್ತೆ ಸಿಗುತ್ತೆ. ಅಂಗಭೋಗ, ರಂಗಭೋಗ, ಜೀರ್ಣೋದ್ಧಾರ, ಚೈತ್ರ ಪವಿತ್ರ ಅಂತ ದಾನದ ಉದ್ದೇಶಗಳ ಪಟ್ಟಿ ಬರುತ್ತೆ. ಚೈತ್ರ ಅಂದರೆ ವಸಂತದ ಹಬ್ಬ. ಪವಿತ್ರ ಅಂದರೆ ದೇವರಿಗೆ ನೂಲಿನ ಪವಿತ್ರ ಏರಿಸುವ ಹಬ್ಬ. ಅಂದರೆ ವಸಂತದ ಖರ್ಚಿಗೆ ಅಂತಲೇ ಜಮೀನು ಬಿಟ್ಟಿರ್ತಿದ್ರು. ಪ್ರವಾಸವನ್ನು "ವಸಂತದ ಪ್ರವಾಸ" ಅಂತ ಮಾರಿದವರು ವಸಂತ ಮಂಟಪದ ದಡದಲ್ಲಿ ನಿಂತು ಈ ಮಾತು ಹೇಳದೇ ಹೋದರು. ಇದು ಗೈಡ್ ಜ್ಞಾನದ ಕೊರತೆ ಅಂತ ನನಗೆ ಅನ್ನಿಸಲಿಲ್ಲ. ಫೋಟೋ ಚೆನ್ನಾಗಿ ಬರುವ ಕಡೆ ವಿವರಣೆ ಬೇಕಾಗಿಲ್ಲ ಅನ್ನೋ ನಂಬಿಕೆ ಅದು.

ಪಕ್ಕದ ಮುಸಾಫಿರ್‌ಖಾನೆಯ ವಿಷಯಕ್ಕೆ ಬಂದಾಗ ಮಾತ್ರ ವಿವರಣೆ ಬೇಡದಷ್ಟು ಉದ್ದ ಆಯಿತು. ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್, ಕೆಡವಿದ ದೇವಸ್ಥಾನ, ಸೇಡು, ಎಲ್ಲ ಕಣ್ಣಾರೆ ಕಂಡವರ ಹಾಗೆ. ಯುದ್ಧ ನಡೆದದ್ದು ಸುಳ್ಳಲ್ಲ. ಆದರೆ ಕಲ್ಲಿನ ಮೇಲೆ ಬರೆದಿರೋದು, ಗೆಜೆಟಿಯರ್‌ನಲ್ಲಿ ದಾಖಲಾದ ಸ್ಥಳಕತೆ, ಗೈಡ್ ಸೇರಿಸಿದ ಒಗ್ಗರಣೆ, ಈ ಮೂರನ್ನೂ ಒಂದೇ ದನಿಯಲ್ಲಿ ಹೇಳಿದರೆ ಕೇಳುವವರಿಗೆ ಯಾವುದು ಯಾವುದು ಅಂತ ಗೊತ್ತಾಗೋದು ಹೇಗೆ? "ಹೀಗಂತ ಊರಿನವರು ಹೇಳ್ತಾರೆ" ಅನ್ನುವ ಮೂರು ಪದ ಸೇರಿಸಿದ್ದರೆ ಸಾಕಿತ್ತು.

ಸೂಳೆಕೆರೆ: ನಗೆಯಲ್ಲಿ ಮುಗಿದ ಕೆರೆ

ಸೂಳೆಕೆರೆಯಲ್ಲಿ ಎರಡು ಮಾತು ಹೇಳಿದರು. ಒಂದು, "ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ". ಇನ್ನೊಂದು, ಹೆಸರಿನ ಬಗ್ಗೆ ಒಂದು ಜೋಕು.

ಮೊದಲನೆಯದಕ್ಕೆ ನನ್ನ ತಕರಾರು ಇಷ್ಟೇ: ಯಾವ ಅಳತೆಯಲ್ಲಿ? ಈ ಬಿರುದು ಇಲ್ಲದೆಯೂ ಕೆರೆ ದೊಡ್ಡದೇ. ನೀರಿನ ಹರವು ಸುಮಾರು 6,500 ಎಕರೆ. ಜಲಾನಯನ ಪ್ರದೇಶ ಸುಮಾರು 330 ಚದರ ಕಿಲೋಮೀಟರ್. ಇಷ್ಟು ನೀರನ್ನು ತಡೆದಿರುವ ಏರಿಯ ಉದ್ದ ಸುಮಾರು 950 ಅಡಿ ಮಾತ್ರ! ಲೆಕ್ಕ ಹಾಕಿ ನೋಡಿ, ಒಂದು ಅಡಿ ಏರಿಗೆ ಹೆಚ್ಚುಕಡಿಮೆ ಏಳು ಎಕರೆ ನೀರು. ಎರಡು ಗುಡ್ಡಗಳ ನಡುವೆ ಹರಿದ್ರಾ ಹಳ್ಳ ನುಗ್ಗಿ ಹೊರಬೀಳುವ ಕಿರಿದಾದ ಕುತ್ತಿಗೆಯನ್ನು ಹುಡುಕಿ ಅಲ್ಲೇ ಕಟ್ಟಿದ್ದಾರೆ. ಸಿವಿಲ್ ಎಂಜಿನಿಯರಿಂಗ್ ಓದಿದವರು ಇದನ್ನ ಜಾಗದ ಆಯ್ಕೆ ಅಂತಾರೆ. ಸೂಳೆಕೆರೆಯ ದೊಡ್ಡಸ್ತಿಕೆ ಇರೋದು ಅಲ್ಲಿ. ಬಸ್ಸು ಏರಿಯ ಮೇಲೇ ನಿಂತಿತ್ತು. ಎರಡೂ ಗುಡ್ಡ ಕಣ್ಣೆದುರಿಗೇ ಇದ್ವು. ತೋರಿಸೋಕೆ ಕೈ ಎತ್ತಿದ್ದರೆ ಸಾಕಿತ್ತು.

ಎರಡನೆಯದು ಇನ್ನೂ ಗಂಭೀರ. ಶಾಂತವ್ವ ಅನ್ನೋ ರಾಜಕುಮಾರಿ ಕೆರೆ ಕಟ್ಟಿಸಲು ಹೊರಟಾಗ, ಮುಳುಗಡೆ ಆಗುವ ಜಾಗದಲ್ಲಿದ್ದ ಸೂಳೆಯರು ಕೆರೆಗೆ ತಮ್ಮ ಹೆಸರಿಡಬೇಕು ಅಂತ ಕೇಳಿದರು ಅನ್ನೋದು ಐತಿಹ್ಯ. ಈಗಿನ ಭಾಷೇಲಿ ಹೇಳೋದಾದ್ರೆ, ಜಮೀನು ಬಿಟ್ಟುಕೊಟ್ಟವರು ಕೇಳಿದ ಪರಿಹಾರ ಅದು. ನಾವು ಇದನ್ನು ಮುಚ್ಚಿಡೋಕೆ 'ಶಾಂತಿಸಾಗರ' ಅಂತ ಹೆಸರು ಬಳಸ್ತೀವಿ, ಇಲ್ಲಾ ಕೇಳಿ ನಗ್ತೀವಿ. ಶಾಸನಗಳನ್ನು ಓದಿದವರಿಗೆ ಈ ನಗು ಬರೋದಿಲ್ಲ. ದೇವಸ್ಥಾನದ ಪೂಜಾರಿ, ವಾದ್ಯದವರು, ಮಾಲೆಗಾರ ಇವರ ಜೊತೆಗೇ ಸೂಳೆಯರಿಗೂ ಇಂತಿಷ್ಟು ಮತ್ತರು ಭೂಮಿ ಅಂತ ಮುಚ್ಚುಮರೆಯಿಲ್ಲದೆ ಬರೆದ ಶಾಸನಗಳಿವೆ. ಮಹಾಕೂಟದಲ್ಲಿ ಬಾದಾಮಿ ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ ಕೊಟ್ಟ ವಿಷಯ ಕಂಬದ ಮೇಲೆ ಇವತ್ತಿಗೂ ಇದೆ. ಹದಿನಾಲ್ಕು ಜನರಲ್ಲಿ ಆರು ಮಂದಿ ಹೆಣ್ಣುಮಕ್ಕಳು ಇದ್ದರು. ಆ ಜೋಕಿಗೆ ಅವರಲ್ಲಿ ಯಾರೂ ನಗಲಿಲ್ಲ.

ಹೊದಿಗೆರೆಯ ಷಹಾಜಿ ಸಮಾಧಿಯಲ್ಲಿ ಗೈಡ್ ಚೆನ್ನಾಗಿ ಮಾತಾಡಿದರು. ಶಿವಾಜಿಯ ತಂದೆ 1664ರ ಜನವರಿಯಲ್ಲಿ ಬೇಟೆಯಲ್ಲಿ ಕುದುರೆಯಿಂದ ಬಿದ್ದು ಇಲ್ಲಿ ತೀರಿಕೊಂಡದ್ದು, ಬೆಂಗಳೂರಿನ ಜೊತೆ ಅವನಿಗಿದ್ದ ನಂಟು, ಎಲ್ಲ ಅಚ್ಚುಕಟ್ಟಾಗಿ ಹೇಳಿದರು. ಅಲ್ಲಿಂದ ಹೊನ್ನಾಳಿಗೆ ಹೋಗಿ ಉಳಿದುಕೊಂಡೆವು.

ಬೆಳಗುತ್ತಿ: ಕತ್ತೆತ್ತಿ ನೋಡಿ, ಓದದೆ ಬಂದ ಊರು

ಎರಡನೇ ದಿನದ ಬೆಳಗುತ್ತಿಯೇ ಈ ಪ್ರವಾಸದ ಹೃದಯ ಆಗಬೇಕಿತ್ತು. ಶಾಸನಗಳ ಬೆಳಗವತ್ತಿ ಇದು. 12-13ನೇ ಶತಮಾನದಲ್ಲಿ ಇಲ್ಲಿಂದ ಆಳಿದ ಸಿಂದರು ತಮ್ಮನ್ನು ನಾಗವಂಶದವರು ಅಂತ ಹೇಳಿಕೊಂಡರು. ಚಾಲುಕ್ಯ, ಕಳಚುರಿ, ಹೊಯ್ಸಳ, ಸೇವುಣ ಅಂತ ದೊಡ್ಡ ದೊಡ್ಡ ಸಾಮ್ರಾಜ್ಯಗಳು ಜಗಳ ಆಡುತ್ತಿದ್ದ ಗಡಿಯಲ್ಲಿ ನಿಷ್ಠೆ ಬದಲಿಸುತ್ತಾ ಬದುಕಿದ ಸಣ್ಣ ಮನೆತನ. ದೊಡ್ಡ ಅರಸರ ಪ್ರಶಸ್ತಿಗಿಂತ ಇಂಥವರ ಊರಿನ ವೀರಗಲ್ಲುಗಳು ಆ ಕಾಲದ ಸ್ಥಿತಿಯನ್ನು ನೇರವಾಗಿ ಹೇಳುತ್ತವೆ: ದನ ಹಿಡಿಯಲು ಬಂದರು, ಒಬ್ಬ ಅಡ್ಡ ನಿಂತ, ಸತ್ತ, ಅವನ ಮನೆಯವರಿಗೆ ನೆತ್ತರುಗೊಡಗಿ ಕೊಟ್ಟರು.

ವೀರಗಲ್ಲಿನ ಮೂರು ಅಂಕಣಗಳನ್ನು ಗೈಡ್ ಸರಿಯಾಗಿಯೇ ವಿವರಿಸಿದರು. ಕೆಳಗೆ ಹೋರಾಟ, ನಡುವೆ ಅಪ್ಸರೆಯರು ಒಯ್ಯುವುದು, ಮೇಲೆ ಲಿಂಗದ ಮುಂದೆ ಕೂತ ವೀರ. ಆದರೆ ಅಂಕಣಗಳ ನಡುವಿನ ಪಟ್ಟಿಯಲ್ಲಿದ್ದ ಅಕ್ಷರಗಳ ಬಗ್ಗೆ ಕೇಳಿದಾಗ, "ಅದು ಹಳೆಗನ್ನಡ ಸಾರ್, ಯಾರಿಗೂ ಓದೋಕೆ ಆಗಲ್ಲ" ಅಂದುಬಿಟ್ಟರು.

ಇಲ್ಲೇ ನನ್ನ ಮುಖ್ಯ ಆಕ್ಷೇಪ. ಓದೋಕೆ ಆಗುತ್ತೆ. 12ನೇ ಶತಮಾನದ ಹೊತ್ತಿಗೆ ಕನ್ನಡ ಅಕ್ಷರ ಈಗಿನ ರೂಪಕ್ಕೆ ಸಾಕಷ್ಟು ಹತ್ತಿರ ಬಂದಿರುತ್ತೆ. ಱ, ೞ ಅನ್ನೋ ಎರಡು ಅಕ್ಷರ, ತಲೆಕಟ್ಟಿನ ರೀತಿ, ಇಷ್ಟನ್ನು ಹೇಳಿಕೊಟ್ಟರೆ ಕನ್ನಡ ಬಲ್ಲ ಯಾರಾದರೂ ಕಾಲು ಗಂಟೆಯಲ್ಲಿ 'ಸ್ವಸ್ತಿ', 'ಶ್ರೀ', 'ಶಕವರ್ಷ' ಹುಡುಕಬಲ್ಲರು. ತೇದಿಯೂ ಅಷ್ಟೇ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಸಂವತ್ಸರದ ಸಂಖ್ಯೆ. ಶಕ 1100 ಅಂತಿಟ್ಟುಕೊಳ್ಳಿ: 1112ನ್ನು 60ರಿಂದ ಭಾಗಿಸಿದರೆ ಶೇಷ 32, ಅಂದರೆ ವಿಳಂಬಿ. ನಂಬಿಕೆ ಇಲ್ಲದವರು 2025ರ ಯುಗಾದಿಯ ಮೇಲೆ ಪರೀಕ್ಷೆ ಮಾಡಿ: ಶಕ 1947, ಶೇಷ 39, ವಿಶ್ವಾವಸು. ಸರಿ ಬಂತಲ್ಲ? ಗತ ಶಕ, ವರ್ತಮಾನ ಶಕ ಅಂತ ಒಂದು ವರ್ಷದ ವ್ಯತ್ಯಾಸ ಕೆಲವು ಕಡೆ ಬರುತ್ತೆ, ಅದನ್ನೂ ಈ ಲೆಕ್ಕವೇ ಹಿಡಿದುಕೊಡುತ್ತೆ. ಪ್ರವಾಸಿಗರಿಗೆ ಇದಕ್ಕಿಂತ ಒಳ್ಳೆ ಆಟ ಇದೆಯಾ?

ಊರಿನ ಹಿರಿಯರೊಬ್ಬರು ಅಲ್ಲೇ ನಿಂತು ಎಲ್ಲ ಕೇಳ್ತಾ ಇದ್ದರು. ಗುಂಪು ಮುಂದೆ ಹೋದ ಮೇಲೆ, "ಇದರಾಗೆ ನಮ್ಮೂರ ಹೆಸರು ಐತೇನ್ರಿ?" ಅಂತ ಕೇಳಿದರು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 7ನೇ ಸಂಪುಟ, 1902ರಲ್ಲಿ ಬಂದದ್ದು, ಇಂಟರ್ನೆಟ್ ಆರ್ಕೈವ್‌ನಲ್ಲಿ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ನ್ಯಾಮತಿ ಆಗ ತಾಲ್ಲೂಕಾಗಿರಲಿಲ್ಲ, ಆದ್ದರಿಂದ ಹೊನ್ನಾಳಿಯ ಭಾಗದಲ್ಲಿ ಹುಡುಕಬೇಕು. ಮೊಬೈಲಿನಲ್ಲಿ ಬೆಳಗವತ್ತಿ ಅನ್ನೋ ಹೆಸರು ಅಚ್ಚಾದ ಪುಟ ತೋರಿಸಿದೆ. ಅವರು ಆ ಪುಟದ ಫೋಟೋ ಬೇಕು ಅಂದರು, ಮೊಮ್ಮಗನ ನಂಬರಿಗೆ ಕಳಿಸಿದೆ. ಆಮೇಲೆ ತಾವೇ ನಮ್ಮನ್ನು ಕರೆದುಕೊಂಡು ಹೋಗಿ ಇನ್ನೊಂದು ಕಲ್ಲು ತೋರಿಸಿದರು. ಅದು ಪ್ರವಾಸದ ಪಟ್ಟಿಯಲ್ಲಿ ಇರಲಿಲ್ಲ. ಅದರ ಮೇಲೆ ಒಗೆದ ಬಟ್ಟೆ ಒಣಗಿ ಹಾಕಿದ್ದರು. ಅಂಥ ಕಲ್ಲು ಉಳಿಯಬೇಕಾದರೆ ಆ ಓಣಿಯವರಿಗೆ ಅದರಲ್ಲಿ ಏನಿದೆ ಅಂತ ಗೊತ್ತಿರಬೇಕು. ಬೇಲಿ, ಬೋರ್ಡು ಎಲ್ಲ ಆಮೇಲಿನ ಮಾತು.

ಬಿಳಿ ಪುಡಿ ಮತ್ತು ಬಿಸಿಲಿನ ಲೆಕ್ಕ

ಒಂದು ಕಲ್ಲಿನ ಮೇಲೆ, ಫೋಟೋದಲ್ಲಿ ಅಕ್ಷರ ಎದ್ದು ಕಾಣಲಿ ಅಂತ, ರಂಗೋಲಿ ಪುಡಿ ಉಜ್ಜಿದರು. ಇದು ಆಗಬಾರದು. ಕಲ್ಲಿನ ಪುಡಿಯಿಂದಲೇ ಮಾಡುವ ರಂಗೋಲಿಯನ್ನು ಸವೆದ ಅಕ್ಷರದ ಮೇಲೆ ಉಜ್ಜೋದು ಅಂದರೆ ಮರಳು ಕಾಗದ ಉಜ್ಜಿದ ಹಾಗೇ. ಎಣ್ಣೆ, ಸುಣ್ಣ, ಬಣ್ಣಗಳೂ ಅಷ್ಟೇ ಅಪಾಯ.

ಇದರ ಬದಲು ಓರೆ ಬೆಳಕು ಸಾಕು. ಟಾರ್ಚನ್ನು ಕಲ್ಲಿಗೆ ಒತ್ತಿದ ಹಾಗೆ ಪಕ್ಕದಿಂದ ಹಿಡಿದರೆ ಅಕ್ಷರದ ಗುಳಿಯಲ್ಲಿ ನೆರಳು ತುಂಬಿ ಓದೋಕೆ ಬರುತ್ತೆ. ಬಿಸಿಲಿಗೂ ಇದೇ ನಿಯಮ. ಪೂರ್ವಕ್ಕೆ ಮುಖ ಮಾಡಿದ ಕಲ್ಲನ್ನು ಮಾರ್ಚ್‌ನಲ್ಲಿ ಬೆಳಿಗ್ಗೆ 8ಕ್ಕೆ ನೋಡಿದರೆ ಬೆಳಕು ಎದುರಿನಿಂದ ಬಡಿದು ಅಕ್ಷರ ಚಪ್ಪಟೆ ಆಗುತ್ತೆ. ಅದೇ ಕಲ್ಲು 11ರ ಮೇಲೆ, ಸೂರ್ಯ ತಲೆಯ ಮೇಲಕ್ಕೆ ಬರುವಾಗ, ತಾನಾಗೇ ಬಿಡಿಸಿಕೊಳ್ಳುತ್ತೆ. ಬಸ್ಸಿನ ವೇಳಾಪಟ್ಟಿ ಮಾಡುವವರು ತಿಂಡಿಯ ಸಮಯ ನೋಡ್ತಾರೆ, ಕಲ್ಲಿನ ಮುಖವನ್ನೂ ನೋಡಬೇಕು. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರ ಯೋಜನೆ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಇಡ್ತಾ ಇದೆ. ಪುಡಿಯ ಕಾಲ ಮುಗಿದಿದೆ.

ಜಗಳೂರು: ಜಿಲ್ಲೆಯ ಗಡಿ ಹಾಕಿದ ದಾರಿ

ನ್ಯಾಮತಿಯಿಂದ ಜಗಳೂರಿಗೆ ಸುಮಾರು ನೂರು ಕಿಲೋಮೀಟರ್. ತೀರ್ಥರಾಮೇಶ್ವರ ಮುಗಿಸಿ ಊಟ ಮಾಡಿ ಹೊರಟ ಬಸ್ಸು ಅಲ್ಲಿಗೆ ಮುಟ್ಟುವಷ್ಟರಲ್ಲಿ ಸಂಜೆ. ಕಲ್ಲೇದೇವರಪುರದ ಕಲ್ಲೇಶ್ವರನಿಗೆ ನಲವತ್ತು ನಿಮಿಷ ಸಿಕ್ಕಿತು. "ಇಲ್ಲೇನಿದೆ ನೋಡೋಕೆ?" ಅಂತ ಬಸ್ಸಿನಲ್ಲಿ ಒಬ್ಬರು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ತಪ್ಪು ಇರೋದು ದಾರಿಯ ಯೋಜನೆಯಲ್ಲಿ. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೆ ಮೊದಲು ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದವು. ರೈಸ್ ಸಂಪುಟಗಳಲ್ಲಿ ಮೊದಲೆರಡು 7ರಲ್ಲಿ, ಜಗಳೂರು 11ರಲ್ಲಿ ಇರೋದು ಅದಕ್ಕೇ. ಇನ್ನೂ ಹಿಂದೆ ಹೋದರೆ ಬೆಳಗುತ್ತಿ ಸೀಮೆ ಬನವಾಸಿ 12000ದ ಕಡೆಗೆ, ಜಗಳೂರು ಸೀಮೆ ಉಚ್ಚಂಗಿಯ ಪಾಂಡ್ಯರು ಆಳಿದ ನೊಳಂಬವಾಡಿ 32000ದ ಕಡೆಗೆ. ಅಡಿಕೆ ತೋಟದ ನಾಡು ಒಂದು, ಮಳೆ ನೋಡಿ ಬಿತ್ತುವ ನಾಡು ಇನ್ನೊಂದು. ಈ ಎರಡು ನಾಡುಗಳ ವ್ಯತ್ಯಾಸವನ್ನೇ ಕತೆ ಮಾಡಬಹುದಿತ್ತು. ಮಾಡಲಿಲ್ಲ.

ಇನ್ನೊಂದು ಕಡೆ, ಉಚ್ಚಂಗಿದುರ್ಗ ಅಷ್ಟೇನೂ ದೂರ ಇಲ್ಲದಿದ್ದರೂ, ಹರಪನಹಳ್ಳಿ ತಾಲ್ಲೂಕು ಈಗ ವಿಜಯನಗರ ಜಿಲ್ಲೆಗೆ ಸೇರಿರೋದರಿಂದ ಪಟ್ಟಿಯಲ್ಲಿ ಇಲ್ಲ. ರಾಜಧಾನಿ ಬಿಟ್ಟು ರಾಜ್ಯ ತೋರಿಸಿದ ಹಾಗಾಯಿತು. ದಾವಣಗೆರೆ ತಾಲ್ಲೂಕಿನ ಅಣಜಿಯೂ ಇಲ್ಲ. ಕದಂಬ ಕೃಷ್ಣವರ್ಮನ ಸೈನ್ಯ ನಾಣಕ್ಕಾಸ ಪಲ್ಲವನ ಎದುರು ಮುರಿದುಬಿದ್ದಾಗ, ನೊಂದ ಶಿವನಂದವರ್ಮ ದರ್ಭೆಯ ಹಾಸಿನ ಮೇಲೆ ಮಲಗಿದ್ದನ್ನು ಹೇಳುವ ಸಂಸ್ಕೃತ ಶಾಸನ ಅಲ್ಲಿಯದು. ಗೆಲುವಿನ ಮಾತೇ ತುಂಬಿರುವ ನಮ್ಮ ಶಾಸನಗಳ ನಡುವೆ ಸೋಲನ್ನು ಇಷ್ಟು ನೇರವಾಗಿ ಬರೆದದ್ದು ಅಪರೂಪ.

ಜಗಳೂರಿನಲ್ಲಿ ಹೇಳಬಹುದಾದ ಇನ್ನೊಂದು ಕತೆ ನೀರಿನದು. ತುಂಗಭದ್ರೆಯಿಂದ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆ ಈ ತಾಲ್ಲೂಕಿನ ದೊಡ್ಡ ಮಾತು. ಕೆರೆಯನ್ನು ಕಟ್ಟಿದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು, ಅವರಿಗೆ ಸಂಬಳ ಎಲ್ಲಿಂದ ಅನ್ನೋದಕ್ಕೆ ನಮ್ಮ ಶಾಸನಗಳು ಬಿತ್ತುವಟ್ಟ, ಕೆರೆಗೊಡಗಿ ಅಂತ ಉತ್ತರ ಬರೆದಿಟ್ಟಿವೆ: ಕೆರೆಯ ಕೆಳಗಿನ ಇಂತಿಷ್ಟು ಭೂಮಿ ಕೆರೆಯ ಕೆಲಸಕ್ಕೇ ಮೀಸಲು. ಪೈಪಿನಲ್ಲಿ ನೀರು ಬಂದ ಮೇಲೂ ಆ ಪ್ರಶ್ನೆ ಹಾಗೇ ಇದೆ.

ಒಟ್ಟಿನಲ್ಲಿ ನನ್ನ ಅಭಿಪ್ರಾಯ: ಬಸ್ಸು ಒಳ್ಳೆಯದು, ಗುಂಪಿನ ಗಾತ್ರ ಸರಿ, ಊರುಗಳ ಆಯ್ಕೆ ಒಳ್ಳೆಯದು. ನಾಲ್ಕು ತಾಲ್ಲೂಕನ್ನು ಒಂದೇ ಸಲಕ್ಕೆ ತುರುಕೋದು ಬೇಡ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಒಂದು ಪ್ರವಾಸ ಆಗಲಿ. ಜಗಳೂರು, ಅಣಜಿ, ಉಚ್ಚಂಗಿದುರ್ಗ ಇನ್ನೊಂದಾಗಲಿ. ಪ್ರತಿ ಊರಿನಲ್ಲೂ ಒಂದು ಕಲ್ಲನ್ನಾದರೂ ಮೊದಲ ಸಾಲಿನಿಂದ ಕೊನೆಯ ಶಾಪಾಶಯದವರೆಗೆ ನಿಂತು ಓದಲಿ. ಓದಿದ್ದನ್ನು ಅಚ್ಚು ಹಾಕಿಸಿ ಒಂದು ಪ್ರತಿ ಆ ಊರಿನ ಶಾಲೆಗೆ ಕೊಟ್ಟು ಬರಲಿ. ಮುಂದಿನ ಮಾರ್ಚ್‌ಗೆ ಇಂಥ ಪ್ರವಾಸ ಬುಕ್ ಮಾಡುವವರು ಆಯೋಜಕರಿಗೆ ಒಂದೇ ಪ್ರಶ್ನೆ ಕೇಳಿ: ಈ ಎರಡು ದಿನದಲ್ಲಿ ನಾವು ಎಷ್ಟು ಶಾಸನ ಓದ್ತೀವಿ? ಉತ್ತರ ಸೊನ್ನೆ ಅಂತ ಬಂದರೆ, ಸಂಪುಟ 7ನ್ನು ಇಳಿಸಿಕೊಂಡು ಸರ್ಕಾರಿ ಬಸ್ಸಿನಲ್ಲೇ ಹೋಗಿ ಬನ್ನಿ.