ಆ ಹೋರಿ ಯಾರ್ದು?

ಹೋದ ತಿಂಗಳು ಒಂದು ಶನಿವಾರ ರಾತ್ರಿ ನಮ್ಮ ಫ್ಲ್ಯಾಟಿನಲ್ಲಿ ಐದು ಜನ ಕೂತು 1941ರ ‘ಬ್ಲಡ್ ಅಂಡ್ ಸ್ಯಾಂಡ್’ ನೋಡಿದ್ವಿ. ಹಳೇ ಹಾಲಿವುಡ್ಡಿನ ಗೂಳಿಕಾಳಗದ ಪ್ರೇಮಕಥೆ. ಆರಿಸಿದ್ದು ನಾನೇ, ಹಾಗಾಗಿ ಬೈಗುಳ ತಿಂದಿದ್ದೂ ನಾನೇ. ಟೆಸ್ಟಿಂಗ್ ಟೀಮಿನ ಗೆಳೆಯ, ‘ಕಲರ್ ಸೂಪರ್, ಕಥೆ ಮಾತ್ರ ನಮ್ಮಜ್ಜನ ಕಾಲದ್ದು’ ಅಂದ. ರೂಮ್‌ಮೇಟ್‌ದು ಇನ್ನೊಂದು ತಕರಾರು: ‘ಗೂಳಿಕಾಳಗ ಅಂತ ಹೇಳಿ ಕೂರಿಸ್ದೆ, ಗೂಳಿನೇ ಇಲ್ವಲ್ಲೋ ಮಾರಾಯ!’ ಅವನ ಜೊತೆ ಬಂದಿದ್ದವನು ರೀಟಾ ಹೇವರ್ತ್ ತೆರೆ ಮೇಲೆ ಬಂದ ಮೇಲೆ ಬೇರೆ ಏನನ್ನೂ ನೋಡಿದ ಹಾಗೆ ಕಾಣಲಿಲ್ಲ. ನಮ್ಮ ಜೊತೆಗಿದ್ದ ಗೆಳತಿ ಮೊದಲನೇ ಅಖಾಡದ ದೃಶ್ಯಕ್ಕೇ ಎದ್ದು ಬಾಲ್ಕನಿಗೆ ಹೋದಳು. ‘ಮಜಾಕ್ಕೋಸ್ಕರ ಪ್ರಾಣಿ ಕೊಲ್ಲೋದನ್ನ ನೋಡೋಕಾಗಲ್ಲ. ಎಂಥ ಜನ ಇವರು?’ ಅಂತ ಕೇಳಿದಳು.

ನಮ್ಮೂರು ಹಿರೇಕೆರೂರಿನ ಕಡೆ. ದೀಪಾವಳಿ ಬಂತು ಅಂದ್ರೆ ಆ ಭಾಗದಲ್ಲಿ ಹೋರಿ ಬೆದರಿಸೋ ಹಬ್ಬ ಶುರು. ನಮ್ಮಪ್ಪ ವಯಸ್ಸಿನಲ್ಲಿ ಹೋರಿ ಹಿಡಿಯೋಕೆ ಇಳಿದವರು. ಅವರ ಬಲಗಡೆ ಪಕ್ಕೆಯಲ್ಲಿ ಇವತ್ತಿಗೂ ಒಂದು ಗೇಣುದ್ದದ ಗಾಯದ ಗುರುತಿದೆ. ಆ ರಾತ್ರಿ ನಾನು ಇದ್ಯಾವುದನ್ನೂ ಹೇಳಲಿಲ್ಲ. ‘ಹೌದು, ಸ್ವಲ್ಪ ಕ್ರೂರನೇ’ ಅಂತ ತಲೆ ಆಡಿಸಿ ಚಿಪ್ಸ್ ಪ್ಯಾಕೆಟ್ ಮುಂದೆ ತಳ್ಳಿದೆ.

ಈಗ ಸಿನಿಮಾಕ್ಕೆ ಬರೋಣ. ಸ್ಪೇನಿನ ಕಾದಂಬರಿಕಾರ ವಿಸೆಂಟೆ ಬ್ಲಾಸ್ಕೋ ಇಬಾನ್ಯೆಜ್ 1908ರಲ್ಲಿ ಬರೆದ ಕಾದಂಬರಿ ಇದಕ್ಕೆ ಆಧಾರ. 1922ರಲ್ಲಿ ರುಡಾಲ್ಫ್ ವ್ಯಾಲೆಂಟಿನೋ ಇದನ್ನೇ ಮೂಕಿಯಾಗಿ ಮಾಡಿದ್ದ. ನಾವು ನೋಡಿದ್ದು ರೂಬೆನ್ ಮಮೂಲಿಯನ್ ಟೆಕ್ನಿಕಲರ್‌ನಲ್ಲಿ ತೆಗೆದದ್ದು. ಸೆವಿಲ್ಲೆಯ ಬಡ ಹುಡುಗ ಹುವಾನ್ ಗಲ್ಯಾರ್ಡೊ (ಟೈರೋನ್ ಪವರ್). ಅಪ್ಪ ಗೂಳಿ ತಿವಿದು ಸತ್ತವನು, ಅಮ್ಮ ಕಂಡವರ ಮನೆ ನೆಲ ಉಜ್ಜುವವಳು. ಹುಡುಗನಿಗೂ ಅಖಾಡದ್ದೇ ಹುಚ್ಚು. ಮ್ಯಾಡ್ರಿಡ್‌ಗೆ ಓಡಿ ಹೋಗ್ತಾನೆ, ಮ್ಯಾಟಡೋರ್ ಆಗಿ ವಾಪಸ್ ಬರ್ತಾನೆ, ಬಾಲ್ಯದ ಗೆಳತಿ ಕಾರ್ಮೆನ್‌ಳನ್ನ (ಲಿಂಡಾ ಡಾರ್ನೆಲ್) ಮದುವೆಯಾಗ್ತಾನೆ, ದೊಡ್ಡ ಹೆಸರು ಮಾಡ್ತಾನೆ. ಆಮೇಲೆ ಡೋನ್ಯಾ ಸೋಲ್ ಅನ್ನೋ ಶ್ರೀಮಂತೆಯ (ರೀಟಾ ಹೇವರ್ತ್) ಬಲೆಗೆ ಬಿದ್ದು ಒಂದೊಂದೇ ಕಳ್ಕೊಳ್ತಾ ಹೋಗ್ತಾನೆ. ಮುಂದಿನದನ್ನ ನೀವೇ ಊಹಿಸಬಹುದು. ಗೆಳೆಯ ಹೇಳಿದ್ದು ಸರಿ, ಕಥೆ ಹಳೇದು.

ಬಣ್ಣದ ಬಗ್ಗೆಯೂ ಅವನು ಹೇಳಿದ್ದು ಸರಿನೇ, ಆದ್ರೆ ‘ಸೂಪರ್’ ಅಂತ ಹೇಳಿ ಬಿಟ್ಟುಬಿಡೋ ಬಣ್ಣ ಅಲ್ಲ ಅದು. ಮೂರು ಬಣ್ಣದ ಟೆಕ್ನಿಕಲರ್‌ನಲ್ಲಿ ಬಂದ ಮೊದಲ ಪೂರ್ಣ ಕಥಾಚಿತ್ರ ‘ಬೆಕಿ ಶಾರ್ಪ್’ (1935) ಮಾಡಿದ್ದು ಇದೇ ಮಮೂಲಿಯನ್. ಇಲ್ಲಿ ಅವನು ಸ್ಪೇನಿನ ಚಿತ್ರಕಾರರನ್ನೇ ಗುರು ಮಾಡ್ಕೊಂಡ. ಗೋಯಾ, ಎಲ್ ಗ್ರೆಕೋ, ವೆಲಾಸ್ಕೆಸ್ ಇವರ ಚಿತ್ರಗಳನ್ನ ಎದುರಿಗಿಟ್ಟುಕೊಂಡು ದೃಶ್ಯ ಕಟ್ಟಿದ. ಬೇಕಾದ ಬಣ್ಣ ಬರದಿದ್ರೆ ಸೆಟ್‌ನಲ್ಲೇ ಸ್ಪ್ರೇ ಗನ್ ಹಿಡಿದು ಸಾಮಾನುಗಳಿಗೆ ಬಣ್ಣ ಹೊಡೀತಿದ್ದ ಅನ್ನೋ ಕಥೆ ಪ್ರಸಿದ್ಧ. ಪ್ರಾರ್ಥನಾ ಕೋಣೆಯ ದೃಶ್ಯಗಳನ್ನ ನೋಡಿ: ಕತ್ತಲು, ಎತ್ತರದ ಶಿಲುಬೆ, ಮಂಡಿಯೂರಿದ ಮನುಷ್ಯನ ಮುಖದ ಮೇಲೆ ಜ್ವರ ಬಂದವನ ಹಾಗೆ ಒಂದು ಬೆಳಕು. ಹೊರಗೆ ಬಿಸಿಲು, ಜರಿ, ಚಿನ್ನ, ಕೂಗಾಟ. ಸಾವಿನ ಭಯ ಇರೋದು ಒಳಗಿನ ಕೋಣೆಯಲ್ಲಿ, ಹೊರಗೆ ಬರೀ ಅದರ ಉಡುಪು ಅಂತ ಬಣ್ಣವೇ ಹೇಳಿಬಿಡುತ್ತೆ. ಆ ವರ್ಷದ ಬಣ್ಣದ ಛಾಯಾಗ್ರಹಣದ ಆಸ್ಕರ್ ಅರ್ನೆಸ್ಟ್ ಪಾಮರ್ ಮತ್ತು ರೇ ರೆನ್ನಹನ್ ಅವರಿಗೆ ಸಿಕ್ಕಿದ್ದು ಇದಕ್ಕೇ.

ಆದ್ರೆ ನನಗೆ ಜಗಳ ಇರೋದು ರೂಮ್‌ಮೇಟ್ ಜೊತೆ. ಗೂಳಿ ಇಲ್ಲ ಅಂದನಲ್ಲ, ಅದಕ್ಕೆ ಒಂದು ಕಾರಣ ಸರಳ. ಆ ಕಾಲದ ಹಾಲಿವುಡ್ ನೀತಿಸಂಹಿತೆ ಪ್ರಾಣಿಹಿಂಸೆ ತೋರಿಸೋದಕ್ಕೆ ಕಡಿವಾಣ ಹಾಕಿತ್ತು, ಕತ್ತಿ ಇಳಿಯೋದನ್ನ ಕಣ್ಣಾರೆ ತೋರಿಸೋ ಹಾಗಿರಲಿಲ್ಲ. ಕಾಳಗದ ಪಟ್ಟುಗಳನ್ನ ಹೇಳಿಕೊಡೋಕೆ ಬಡ್ ಬೆಟ್ಟಿಕರ್ ಇದ್ದ. ಅವನು ಮೆಕ್ಸಿಕೋದಲ್ಲಿ ಗೂಳಿಕಾಳಗ ಕಲಿತವನು, ಮುಂದೆ ತಾನೇ ನಿರ್ದೇಶಕನಾದ. ಹಾಗಾಗಿ ಕೈ ಕಾಲಿನ ಚಲನೆಯಲ್ಲಿ ಸುಳ್ಳು ಕಾಣಲ್ಲ. ಆದ್ರೂ ಕ್ಯಾಮೆರಾ ಗೂಳಿಗಿಂತ ಹೆಚ್ಚು ಗ್ಯಾಲರಿ ಕಡೆ ತಿರುಗ್ತಾನೇ ಇರುತ್ತೆ, ಮತ್ತು ಇದು ನೀತಿಸಂಹಿತೆಯ ಭಯದಿಂದ ಮಾತ್ರ ಅಂತ ನನಗನ್ನಿಸಲ್ಲ. ಈ ಸಿನಿಮಾ ನೋಡೋರ ಬಗ್ಗೆ ಇದೆ.

ಕುರ್ರೋ ಅನ್ನೋ ಪಾತ್ರ ನೋಡಿ. ಗೂಳಿಕಾಳಗದ ವಿಮರ್ಶಕ, ದಢೂತಿ ಆಸಾಮಿ. ಲೇರ್ಡ್ ಕ್ರೆಗರ್ ಈ ಪಾತ್ರವನ್ನ ಸಿಹಿತಿಂಡಿ ಚಪ್ಪರಿಸೋ ಹಾಗೆ ಮಾಡಿದ್ದಾನೆ. ನನ್ನ ಲೆಕ್ಕದಲ್ಲಿ ಇಡೀ ಸಿನಿಮಾದ ಅತ್ಯುತ್ತಮ ನಟನೆ ಇದೇ. ಅವನು ಒಂದು ದಿನವೂ ಮರಳಿಗೆ ಇಳಿದವನಲ್ಲ. ಹುವಾನ್‌ನ ಸತ್ತ ಅಪ್ಪನನ್ನ ಅವನು ಹೀಯಾಳಿಸಿದ್ದಕ್ಕೇ ಹುಡುಗ ರೊಚ್ಚಿಗೆದ್ದು ಮ್ಯಾಡ್ರಿಡ್‌ಗೆ ಹೊರಡೋದು. ಹುವಾನ್ ಮೇಲೆ ಬಂದಾಗ ಹಾಡಿ ಹೊಗಳುವವನೂ ಕುರ್ರೋನೇ. ಕೊನೆಗೆ ಮನೋಲೋ (ಆಂಥೊನಿ ಕ್ವಿನ್) ಮೇಲೇರ್ತಿದ್ದ ಹಾಗೆ ಅವನನ್ನ ಕಂಡುಹಿಡಿದಿದ್ದು ನಾನೇ ಅಂತ ಸಾರಿಕೊಂಡು ಬರುವವನೂ ಅವನೇ.

ಇನ್ನೊಂದು ವಿಷಯ, ನಮ್ಮ ಐವರಲ್ಲಿ ಯಾರೂ ಮಾತಾಡದೇ ಇದ್ದದ್ದು: ಹುವಾನ್‌ಗೆ ಓದೋಕೆ ಬರಲ್ಲ. ತನ್ನ ಬಗ್ಗೆ ಪೇಪರಿನಲ್ಲಿ ಬಂದದ್ದನ್ನ ರೈಲಿನಲ್ಲಿ ಬೇರೆಯವರಿಂದ ಓದಿಸಿಕೊಳ್ತಾನೆ, ನೋಡಿದ್ರೆ ಅದರ ತುಂಬ ಬೈಗುಳ. ಜಗತ್ತು ಅವನ ಬಗ್ಗೆ ಏನು ಹೇಳುತ್ತೆ ಅನ್ನೋದು ಅವನಿಗೆ ಯಾವಾಗಲೂ ಇನ್ನೊಬ್ಬರ ಬಾಯಿಂದಲೇ ಬರಬೇಕು. ಮೊದಲ ಸಲ ಇದನ್ನ ತಮಾಷೆ ಅಂತ ನಕ್ಕು ಬಿಟ್ಟಿದ್ದೆ, ಎರಡನೇ ಸಲ ನಗು ಬರಲಿಲ್ಲ. ನನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನ ಅಪ್ಪ ಊರ ಪೋಸ್ಟ್‌ಮ್ಯಾನ್ ಹತ್ರ ಓದಿಸಿದ್ರು. ನಾನು ಪಕ್ಕದಲ್ಲೇ ನಿಂತಿದ್ದೆ, ಆದ್ರೂ ನಾನು ಓದಿ ಹೇಳಿದ್ದನ್ನ ನಂಬೋ ಧೈರ್ಯ ಅವರಿಗಿರಲಿಲ್ಲ. ಹುವಾನ್‌ನ ತಂಡದಲ್ಲಿ ನ್ಯಾಷನಲ್ ಅನ್ನೋ ಒಬ್ಬ (ಜಾನ್ ಕ್ಯಾರಡೈನ್) ಮಾತ್ರ ಇದನ್ನ ಕಂಡುಕೊಂಡಿದ್ದಾನೆ, ಅಕ್ಷರ ಇಲ್ಲದ ಬಡವನಿಗೆ ಗೂಳಿಯ ಕೊಂಬು ಬಿಟ್ಟು ಬೇರೆ ಏಣಿ ಇಲ್ಲ ಅಂತ. ಹುವಾನ್‌ನ ಅಜಾಗರೂಕತೆಯಿಂದ ಅವನೂ ಸಾಯ್ತಾನೆ.

ರೀಟಾ ಹೇವರ್ತ್ ಬಗ್ಗೆ ಜಾಸ್ತಿ ಹೇಳಲ್ಲ. ಸಿನಿಮಾ ಅವಳನ್ನ ಮೋಹಿನಿ ಮಾಡೋಕೆ ಹೊರಟು ಬೇರೇನೋ ಮಾಡಿಬಿಟ್ಟಿದೆ: ಅವಳೂ ಗ್ಯಾಲರಿಯಲ್ಲಿ ಕೂತವಳು. ಗೆಲ್ಲೋ ತನಕ ಹುವಾನ್, ಆಮೇಲೆ ಮನೋಲೋ. ಮನೋಲೋ ಜೊತೆ ಅವಳು ಕುಣಿಯೋ ದೃಶ್ಯದಲ್ಲಿ ಯಾರು ಗೂಳಿ ಯಾರು ಮ್ಯಾಟಡೋರ್ ಅಂತ ಕೇಳಿಕೊಳ್ಳಿ. ಪಾಪ ಲಿಂಡಾ ಡಾರ್ನೆಲ್‌ಗೆ ಸಿಕ್ಕಿದ್ದು ಅಳೋ ಕೆಲಸ. ಆದ್ರೂ ಕಾಳಗ ನಡೀತಿರುವಾಗ ಕಾರ್ಮೆನ್ ನೋಡೋಕಾಗದೆ ಪ್ರಾರ್ಥನಾ ಕೋಣೆಯಲ್ಲಿ ಉಳಿಯೋದಿದೆಯಲ್ಲ, ಸಾವಿರಾರು ಜನ ನೋಡೋ ಕಥೆಯಲ್ಲಿ ನೋಡಲ್ಲ ಅನ್ನುವವಳು ಅವಳೊಬ್ಬಳು. ಬಾಲ್ಕನಿಗೆ ಹೋದ ನಮ್ಮ ಗೆಳತಿ ಇನ್ನೊಂದು ಗಂಟೆ ಕೂತಿದ್ರೆ ಸಿನಿಮಾ ತನ್ನ ಪಕ್ಷವೇ ಅಂತ ಅವಳಿಗೂ ಗೊತ್ತಾಗ್ತಿತ್ತು.

ಕಾದಂಬರಿ ಮುಗಿಯುವಾಗ ಇಬಾನ್ಯೆಜ್ ಅರಚುವ ಜನಜಂಗುಳಿಯನ್ನೇ ನಿಜವಾದ ಮೃಗ ಅಂದುಬಿಡ್ತಾನೆ. ಸಿನಿಮಾ ಅಷ್ಟು ಬಾಯಿಬಿಟ್ಟು ಹೇಳಲ್ಲ. ಒಳಗೆ ಹುವಾನ್ ಕಾರ್ಮೆನ್‌ಳ ತೋಳಿನಲ್ಲಿ ಸಾಯ್ತಾನೆ, ಹೊರಗೆ ಗ್ಯಾಲರಿ ಮನೋಲೋಗೆ ಜೈಕಾರ ಹಾಕ್ತಿರುತ್ತೆ. ಅವನು ಬಾಗಿ ವಂದಿಸೋ ಜಾಗದ ಹತ್ತಿರ ಮರಳಿನ ಮೇಲೆ ರಕ್ತದ ಕಲೆ. ಅಷ್ಟಕ್ಕೇ ನಿಲ್ಲಿಸ್ತಾನೆ ಮಮೂಲಿಯನ್.

ಇಷ್ಟೆಲ್ಲ ಮೆಚ್ಚಿಕೊಂಡ ಮೇಲೆ ಸಿನಿಮಾದ ದೊಡ್ಡ ಕೊರತೆ ನನಗೆ ಹೊಳೆದಿದ್ದು ಅಪ್ಪನಿಂದ. ಕಣ್ಣಿನ ಪೊರೆ ತೋರಿಸೋಕೆ ಅಪ್ಪ, ಅವ್ವ ಬೆಂಗಳೂರಿಗೆ ಬಂದಿದ್ರು. ಎರಡನೇ ಸಲ ಅವರ ಜೊತೆ ನೋಡಿದೆ. ಇಂಗ್ಲಿಷ್ ಒಂದಕ್ಷರ ಬರದ ಅಪ್ಪ ಅರ್ಧ ಗಂಟೆ ಸುಮ್ಮನಿದ್ದು, ಗೂಳಿ ಬಾಗಿಲು ದಾಟಿ ನುಗ್ಗಿ ಬಂದ ಕೂಡಲೇ ಮುಂದಕ್ಕೆ ಬಾಗಿ ಕೇಳಿದ್ರು:

‘ಆ ಹೋರಿ ಯಾರ್ದಲೇ ತಮ್ಮಾ?’

ಗೊತ್ತಿಲ್ಲಪ್ಪ ಅಂದೆ.

‘ಹೆಸರರ ಏನದರದು?’

ಅದೂ ಗೊತ್ತಿರಲಿಲ್ಲ. ಸಿನಿಮಾ ಹೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ನಮ್ಮ ಕಡೆ ಹೋರಿಗೆ ಹೆಸರಿರುತ್ತೆ, ಮಾಲೀಕ ಇರ್ತಾನೆ, ಅಭಿಮಾನಿಗಳ ಗುಂಪೇ ಇರುತ್ತೆ. ಕೊಬ್ಬರಿ ಹಾರ ಕಟ್ಟಿ, ಜೂಲ ಹೊದಿಸಿ, ಬಲೂನು ಕಟ್ಟಿ ಬಿಡ್ತಾರೆ. ಕೊಬ್ಬರಿ ಕೊಡದೆ ಪಾರಾದ್ರೆ ಗೆಲುವು ಹೋರಿಯದು, ಸಂಜೆ ಅದು ಮನೆಗೆ ಬಂದು ಮೇವು ತಿನ್ನುತ್ತೆ. ಹಾಗಂತ ಅದೇನೂ ಸಾತ್ವಿಕ ಆಟ ಅಲ್ಲ. ಜನ ಸತ್ತಿದ್ದಾರೆ, ಹೋರಿಗೆ ಹಿಂಸೆಯೂ ಆಗುತ್ತೆ, ಅಪ್ಪನ ಪಕ್ಕೆ ನೋಡಿ ಬೆಳೆದ ನಾನು ಅದನ್ನ ಸಮರ್ಥಿಸೋಕೆ ಕೂತಿಲ್ಲ. ಆದ್ರೆ ಸ್ಪೇನಿನಲ್ಲೂ ಗೂಳಿಗೆ ಹೆಸರಿದೆ, ಸಾಕಿದ ಮನೆತನದ ಮುದ್ರೆ ಇದೆ. ಬೇರೆಲ್ಲ ವಿವರಕ್ಕೂ ಬಣ್ಣ ಹುಡುಕಿದ ಮಮೂಲಿಯನ್ ಗೂಳಿಯನ್ನ ಮಾತ್ರ ಬರೀ ಕಪ್ಪು ಆಕಾರ ಮಾಡಿ ಇಟ್ಟ. ನೋಡುವವರ ಕ್ರೌರ್ಯದ ಬಗ್ಗೆ ಸಿನಿಮಾ ಮಾಡಿದವನಿಗೂ ಸಾಯುವ ಒಂದು ಜೀವ ಕಾಣಲೇ ಇಲ್ಲ.

ಮರುದಿನ ಆಫೀಸಿನ ಕ್ಯಾಂಟೀನಿನಲ್ಲಿ ಆ ಗೆಳತಿಗೆ ಇದನ್ನೆಲ್ಲ ಹೇಳಿದೆ, ಅಪ್ಪನ ಗಾಯದ ಸಮೇತ. ‘ಮತ್ತೆ ಆವತ್ತು ಯಾಕೆ ಹೇಳ್ಲಿಲ್ಲ?’ ಅಂದಳು. ಉತ್ತರ ಇರಲಿಲ್ಲ. ಅವಳೂ ಬಿಡಲಿಲ್ಲ: ‘ಹೆಸರಿಟ್ಟರೆ ಹಿಂಸೆ ಕಮ್ಮಿ ಆಗುತ್ತಾ?’ ಅದಕ್ಕೂ ಇನ್ನೂ ಉತ್ತರ ಸಿಕ್ಕಿಲ್ಲ.

ಅಂದ ಹಾಗೆ, ಅವ್ವ ಸಿನಿಮಾ ನೋಡಲೇ ಇಲ್ಲ. ಗೂಳಿ ಕಂಡ ಕೂಡಲೇ ಎದ್ದು ಅಡುಗೆಮನೆಗೆ ಹೋದವಳು ಅಲ್ಲೇ ಸೊಪ್ಪು ಸೋಸ್ತಾ ಕೂತಿದ್ದಳು. ಊರಲ್ಲೂ ಅಷ್ಟೇ, ಹಬ್ಬದ ದಿನ ಅಪ್ಪ ವಾಪಸ್ ಬರೋ ತನಕ ಹೊಸ್ತಿಲು ದಾಟ್ತಿರಲಿಲ್ಲ, ಊಟ ಮಾಡ್ತಿರಲಿಲ್ಲ. ಸಂಗೀತ ನಿಂತಿದ್ದು ಕೇಳಿಸಿ ಒಳಗಿಂದಲೇ ಕೂಗಿದಳು, ‘ಮುಗೀತೇನೋ? ಮನಿಗೆ ಬಂದ್ನೇನು ಅಂವ?’