ದುಡಿಯುವ ಕೈ, ಓದುವ ಮಗ

'ಚೋಮನ ದುಡಿ'ಯನ್ನು ತರಗತಿಯಲ್ಲಿ ಪಾಠ ಹೇಳುವಾಗ ಎಲ್ಲೋ ಒಂದು ಬೆಂಚಿನಿಂದ ಒಂದು ಪ್ರಶ್ನೆ ಏಳುವುದುಂಟು: "ಹೊಟ್ಟೆಗೆ ಗಂಜಿಯಿಲ್ಲದವನಿಗೆ ಐದು ಮಕ್ಕಳೇಕೆ, ಸಾರ್?" ಪ್ರಶ್ನೆ ಕೇಳುವವರು ಒರಟರಲ್ಲ, ಮನೆಯ ಹಜಾರದಲ್ಲಿ ಹಿರಿಯರಿಂದ ಕೇಳಿದ್ದನ್ನೇ ಅವರು ಹೇಳುತ್ತಿದ್ದಾರೆ. 'ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೆ' ಎಂಬ ಗಾದೆಯನ್ನು ಪೇಟೆಯ ವಿದ್ಯಾವಂತರು ಉದ್ಧರಿಸುವುದು ಬಹುಮಟ್ಟಿಗೆ ಬಡವನ ಅವಿವೇಕಕ್ಕೆ ಸಾಕ್ಷಿಯಾಗಿಯೇ. ತಮಗೆ ಬುದ್ಧಿಯಿದೆ, ಆದ್ದರಿಂದ ಒಂದೋ ಎರಡೋ ಮಕ್ಕಳು. ಅವರಿಗೆ ಬುದ್ಧಿಯಿಲ್ಲ, ಆದ್ದರಿಂದ ಮನೆ ತುಂಬ ಮಕ್ಕಳು ಎಂಬ ತೀರ್ಮಾನ ಅದರ ಹಿಂದಿದೆ. ಈ ತೀರ್ಮಾನ ತಪ್ಪು ಎಂದು ಜನಸಂಖ್ಯಾಶಾಸ್ತ್ರದ ಗ್ರಂಥಗಳು ಹೇಳುತ್ತವೆ. ಅದಕ್ಕೂ ಬಹಳ ಮೊದಲೇ ಶಿವರಾಮ ಕಾರಂತರ ಎರಡು ಕಾದಂಬರಿಗಳು ಅದನ್ನು ಕಾಣಿಸಿವೆ ಎಂದು ನನಗೆ ತೋರುತ್ತದೆ.

1933ರ 'ಚೋಮನ ದುಡಿ'ಯನ್ನು ಅಸ್ಪೃಶ್ಯತೆಯ ದುರಂತವೆಂದು ನಮ್ಮ ವಿಮರ್ಶೆ ಓದಿದೆ. ಭೂಮಿಯ ಹಂಬಲದ ಕಥೆಯೆಂದೂ ಓದಿದೆ. ಎರಡೂ ಸರಿಯೇ. ಆದರೆ ಆ ಕೃತಿಯೊಳಗೆ ಒಂದು ಸಾಲದ ಲೆಕ್ಕವೂ ಇದೆ. ಚೋಮನಿಗೆ ಗದ್ದೆಯಿಲ್ಲ, ಗದ್ದೆ ಮಾಡುವ ಹಕ್ಕೂ ಇಲ್ಲ. ಕಾಫಿ ತೋಟದ ಧಣಿಯ ಸಾಲ ತೀರಿಸಲು ಅವನ ಬಳಿ ಇರುವ ಒಂದೇ ಬಂಡವಾಳವೆಂದರೆ ಮಕ್ಕಳ ಮೈಕಸುವು. ಮೊದಲು ದೊಡ್ಡ ಮಕ್ಕಳಿಬ್ಬರು ಘಟ್ಟ ಹತ್ತುತ್ತಾರೆ, ಸಾಲ ತೀರುವುದಿಲ್ಲ. ಆಮೇಲೆ ಮಗಳು ಬೆಳ್ಳಿ ಹೋಗುತ್ತಾಳೆ. ಸಾಲ ತೀರುತ್ತದೆ, ಯಾವ ಬೆಲೆಗೆ ಎಂಬುದು ಓದುಗರಿಗೆ ಗೊತ್ತೇ ಇದೆ. ಒಬ್ಬ ಮಗ ರೋಗಕ್ಕೆ ತುತ್ತಾಗುತ್ತಾನೆ. ಇನ್ನೊಬ್ಬ ಕ್ರೈಸ್ತ ಹುಡುಗಿಯನ್ನು ಮೆಚ್ಚಿ ತೋಟದಲ್ಲೇ ಉಳಿಯುತ್ತಾನೆ. ಮತ್ತೊಬ್ಬ ನೀರಿನಲ್ಲಿ ಮುಳುಗುತ್ತಿರುವಾಗ ಮೈಲಿಗೆಗೆ ಅಂಜಿ ಯಾರೂ ಕೈ ಚಾಚುವುದಿಲ್ಲ. ದುಡಿಯ ಕೊನೆಯ ಬಡಿತದ ಹೊತ್ತಿಗೆ ಐದು ಮಕ್ಕಳ ಗುಡಿಸಲು ಬಹುಮಟ್ಟಿಗೆ ಬರಿದಾಗಿದೆ.

'ಐದು ಮಕ್ಕಳೇಕೆ' ಎಂಬ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಕೂಸು ಏಳೆಂಟು ವರ್ಷಕ್ಕೇ ದನ ಕಾಯುವ, ಸೌದೆ ಹೊರುವ ಕೈಯಾಗುವಲ್ಲಿ, ಯಾವ ಕೂಸು ಉಳಿಯುವುದೋ ಯಾವುದು ಹೋಗುವುದೋ ತಿಳಿಯದಲ್ಲಿ, ಮುಪ್ಪಿಗೆ ಮಕ್ಕಳ ಹೊರತು ಬೇರೆ ಆಸರೆಯಿಲ್ಲದಲ್ಲಿ, ಎರಡೇ ಮಕ್ಕಳೆಂಬುದು ವಿವೇಕವಲ್ಲ, ಅಪಾಯ. ಇದರಿಂದ ಚೋಮ ಕುಳಿತು ಲೆಕ್ಕ ಹಾಕಿ ಮಕ್ಕಳನ್ನು ಪಡೆದನೆಂದು ನಾನು ಹೇಳುತ್ತಿಲ್ಲ. ಕಾದಂಬರಿ ಜನಗಣತಿಯ ವರದಿಯಲ್ಲ. ಕಾರಂತರು ಅಂಥ ಲೆಕ್ಕವನ್ನು ಅವನ ಬಾಯಲ್ಲಿ ಆಡಿಸಿಲ್ಲ. ಹೆಚ್ಚು ಮಕ್ಕಳು ಹೊರೆಯೆನಿಸದ ಒಂದು ಬದುಕಿನ ಕಟ್ಟನ್ನು ಅವರು ತೋರಿಸಿದ್ದಾರೆ, ಅಷ್ಟೇ. ಭಾರತದಲ್ಲಿ 1971ರಲ್ಲಿಯೂ ಹುಟ್ಟಿದ ಸಾವಿರ ಶಿಶುಗಳಲ್ಲಿ 129 ಮೊದಲ ವರ್ಷ ತುಂಬುವ ಮುನ್ನವೇ ಸಾಯುತ್ತಿದ್ದುವು. 2020ರ ಹೊತ್ತಿಗೆ ಈ ಸಂಖ್ಯೆ 28ಕ್ಕೆ ಇಳಿಯಿತು. ಉಳಿಯುವ ಭರವಸೆ ಬಂದ ಮೇಲೆ ತಾನೆ 'ಸಾಕು' ಎನ್ನುವ ಧೈರ್ಯ ಬರುವುದು?

ಇನ್ನು 'ಮರಳಿ ಮಣ್ಣಿಗೆ'. ಇಲ್ಲಿಯ ಕಡಲಕರೆಯ ಸಂಸಾರ ಚೋಮನದಲ್ಲ. ವೈದಿಕ ವೃತ್ತಿಯ, ಒಂದಿಷ್ಟು ಭೂಮಿಯಿರುವ ಮನೆತನ. ರಾಮ ಐತಾಳರಿಗೆ ಪಾರೋತಿಯಲ್ಲಿ ಮಕ್ಕಳಿಲ್ಲ. ಸತ್ಯಭಾಮೆಯನ್ನು ಎರಡನೆಯವಳಾಗಿ ತರುತ್ತಾರೆ. ಅವರಿಗೆ ಬೇಕಾದುದು ದುಡಿಯುವ ಕೈಯಲ್ಲ, ವಂಶಕ್ಕೊಬ್ಬ ಮಗ. ಆ ಮಗ ಲಚ್ಚ ಹುಟ್ಟಿದ ಮೇಲೆ ಕಾದಂಬರಿಯ ಆರ್ಥಿಕ ದಿಕ್ಕೇ ಬದಲಾಗುತ್ತದೆ. ನೆರೆಯ ಶೀನ ಮಯ್ಯರ ಮಕ್ಕಳು ಬೆಂಗಳೂರಿನಲ್ಲಿ ಹೋಟೆಲು ನಡೆಸಿ ಮನೆಗೆ ಹಣ ಕಳಿಸುತ್ತಾರೆ. ಐತಾಳರು ಮಗನನ್ನು ಇಂಗ್ಲಿಷ್ ಕಲಿಯಲು ಪಟ್ಟಣಕ್ಕೆ ಕಳಿಸುತ್ತಾರೆ. ಒಂದು ಮನೆಯಲ್ಲಿ ಹಣ ಮಕ್ಕಳಿಂದ ಹಿರಿಯರಿಗೆ ಬರುತ್ತದೆ. ಇನ್ನೊಂದರಲ್ಲಿ ಹಿರಿಯರಿಂದ ಮಗನಿಗೆ ಹರಿದುಹೋಗುತ್ತದೆ, ಮರಳಿ ಬರುವುದಿಲ್ಲ.

ಆಸ್ಟ್ರೇಲಿಯದ ಜನಸಂಖ್ಯಾಶಾಸ್ತ್ರಜ್ಞ ಜಾನ್ ಕಾಲ್ಡ್‌ವೆಲ್ 1976ರಲ್ಲಿ ಮಂಡಿಸಿದ ವಾದದ ತಿರುಳು ಇದೇ. ಸಂಪತ್ತು ಮಕ್ಕಳಿಂದ ತಂದೆತಾಯಿಗಳ ಕಡೆಗೆ ಹರಿಯುವ ಸಮಾಜದಲ್ಲಿ ಹೆಚ್ಚು ಮಕ್ಕಳು ಲಾಭ. ಹರಿವು ತಿರುಗಿ ತಂದೆತಾಯಿಗಳಿಂದ ಮಕ್ಕಳ ಕಡೆಗಾದಾಗ ಜನನ ಪ್ರಮಾಣ ಇಳಿಯುತ್ತದೆ. ಹರಿವನ್ನು ತಿರುಗಿಸುವ ಮುಖ್ಯ ಶಕ್ತಿ ಶಾಲೆ. ಶಾಲೆಗೆ ಹೋದ ಮಗುವಿನ ದುಡಿಮೆ ಮನೆಗೆ ತಪ್ಪುತ್ತದೆ. ಪುಸ್ತಕ, ಬಟ್ಟೆ, ಶುಲ್ಕಗಳ ಖರ್ಚು ಸೇರುತ್ತದೆ. ಕಾಲ್ಡ್‌ವೆಲ್ ಈ ವಿಚಾರವನ್ನು ಮೊದಲು ಕಂಡದ್ದು ಆಫ್ರಿಕದ ನೈಜೀರಿಯದಲ್ಲಿ. ಮುಂದೆ ನಮ್ಮ ಪಿ. ಎಚ್. ರೆಡ್ಡಿ ಮತ್ತು ಪ್ಯಾಟ್ ಕಾಲ್ಡ್‌ವೆಲ್ ಅವರೊಡನೆ ಕರ್ನಾಟಕದ ಹಳ್ಳಿಗಳಲ್ಲಿಯೇ ಕುಳಿತು ಅಧ್ಯಯನ ನಡೆಸಿ, 1988ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಆ ಹಳ್ಳಿಗಳಲ್ಲಿಯೂ ಮಕ್ಕಳ ಓದು, ಹೆಣ್ಣುಮಕ್ಕಳ ಮದುವೆಯ ವಯಸ್ಸು ಏರಿದ್ದು, ಶಿಶುಮರಣ ಇಳಿದದ್ದು ಮುಖ್ಯ ಬದಲಾವಣೆಗಳಾಗಿ ಕಂಡುಬಂದುವು. ಕಾರಂತರು ಐತಾಳ, ಮಯ್ಯರ ಎರಡು ಅಂಗಳಗಳಲ್ಲಿ ಕಂಡದ್ದನ್ನು ಈ ವಿದ್ವಾಂಸರು ದಶಕಗಳ ಅನಂತರ ಊರೂರಿನಲ್ಲಿ ಕಂಡರು.

ಅವಿವೇಕವೇ ಕಾರಣವೆಂಬುದು ನಿಜವಾಗಿದ್ದರೆ, ಉಪದೇಶ ಮತ್ತು ಸಾಧನಗಳಿಂದಲೇ ಕೆಲಸ ಆಗಬೇಕಿತ್ತು. ಮೈಸೂರು ಸರ್ಕಾರ 1930ರಷ್ಟು ಹಿಂದೆಯೇ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಡಿಸಿತು. ಜಗತ್ತಿನಲ್ಲಿ ಸರ್ಕಾರವೊಂದು ಅಂಥ ಕೆಲಸ ಕೈಗೊಂಡ ಮೊದಲ ನಿದರ್ಶನಗಳಲ್ಲಿ ಇದೊಂದು. 1950ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ರಾಮನಗರದಲ್ಲಿ ನಡೆದ ಪ್ರಯೋಗದಲ್ಲಿ, ತಿಂಗಳ ದಿನಗಳನ್ನು ಎಣಿಸಿಕೊಳ್ಳಲೆಂದು ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಡಲಾಯಿತು. ಸರ ಕೊಟ್ಟವರ ಉದ್ದೇಶ ಒಳ್ಳೆಯದೇ. ಫಲ ಮಾತ್ರ ಅಲ್ಪ. ಮಣಿ ಎಣಿಸಲು ಬಾರದಷ್ಟು ದಡ್ಡರೇ ನಮ್ಮ ಹೆಂಗಸರು? ಎಣಿಸಬೇಕೆಂಬ ಕಾರಣವನ್ನು ಅವರ ಬದುಕು ಇನ್ನೂ ಒದಗಿಸಿರಲಿಲ್ಲ. ಗಂಡನ ಸಮ್ಮತಿಯಂತೂ ಸರದಲ್ಲಿ ಪೋಣಿಸಿ ಬರುವ ವಸ್ತುವಲ್ಲ. ಆಮೇಲೆ ತುರ್ತುಪರಿಸ್ಥಿತಿಯ ಕಾಲದಲ್ಲಿ ಉಪದೇಶದ ಜಾಗಕ್ಕೆ ಬಲಾತ್ಕಾರ ಬಂತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದುವು. ಆ ಕತ್ತಿಗೆ ಹೆಚ್ಚಾಗಿ ಸಿಕ್ಕವರು ಹಜಾರದಲ್ಲಿ ಕುಳಿತು ಗಾದೆ ಹೇಳುವವರಲ್ಲ, ಚೋಮನಂಥವರೇ.

ಬಲಾತ್ಕಾರ ನಿಂತ ಮೇಲೂ ಜನನ ಪ್ರಮಾಣ ಇಳಿಯುತ್ತಲೇ ಬಂದಿದೆ ಎಂಬುದನ್ನು ಗಮನಿಸಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಹುಟ್ಟುವ ಮಕ್ಕಳ ಸರಾಸರಿ ಸಂಖ್ಯೆ 1992-93ರಲ್ಲಿ ಸುಮಾರು 2.9 ಇತ್ತು; 2019-21ರಲ್ಲಿ 1.7. ಒಂದು ತಲೆಮಾರು ತನ್ನಷ್ಟೇ ದೊಡ್ಡ ಇನ್ನೊಂದು ತಲೆಮಾರನ್ನು ಬಿಟ್ಟುಹೋಗಲು 2.1 ಬೇಕು. ಅದೇ ಸಮೀಕ್ಷೆಯಲ್ಲಿ, ಇಡೀ ದೇಶದಲ್ಲಿ ಶಾಲೆಯ ಮುಖ ಕಾಣದ ಹೆಂಗಸರಿಗೆ ಸರಾಸರಿ 2.8 ಮಕ್ಕಳು, ಹನ್ನೆರಡು ವರ್ಷ ಅಥವಾ ಅದಕ್ಕೂ ಹೆಚ್ಚು ಓದಿದವರಿಗೆ 1.8. ಬಡವರ ಬುದ್ಧಿ ಒಂದೇ ತಲೆಮಾರಿನಲ್ಲಿ ಹೀಗೆ ಬದಲಾಯಿತೆಂದು ಯಾರಾದರೂ ನಂಬಿಯಾರೆ? ಬದಲಾದದ್ದು ಅವರ ಸನ್ನಿವೇಶ.

ಆದರೆ ಅರ್ಥಶಾಸ್ತ್ರದ ಈ ವಿವರಣೆಯಲ್ಲಿ ನನಗೊಂದು ಕೊರತೆ ಕಾಣುತ್ತದೆ. 'ಕುಟುಂಬ'ವು ಲಾಭನಷ್ಟ ತೂಗಿ ನಿರ್ಧರಿಸುತ್ತದೆ ಎನ್ನುವಾಗ ಕುಟುಂಬಕ್ಕೆ ಒಂದೇ ಮನಸ್ಸು ಇದ್ದಂತೆ ಭಾವಿಸಲಾಗುತ್ತದೆ. ಇಲ್ಲಿ ಕಾದಂಬರಿ ಶಾಸ್ತ್ರಕ್ಕಿಂತ ಮುಂದೆ ಹೋಗುತ್ತದೆ. ಐತಾಳರ ಮನೆಯಲ್ಲಿ ಮಗ ಬೇಕೆಂಬ ನಿರ್ಧಾರ ಯಜಮಾನರದು. ಗದ್ದೆ, ಕೊಟ್ಟಿಗೆ, ಒಲೆಗಳ ನಡುವೆ ಸವೆಯುವವರು ಪಾರೋತಿ ಮತ್ತು ವಿಧವೆ ಸರಸೋತಿ. ಬಂಜೆಯೆನಿಸಿಕೊಂಡವಳೂ ಗಂಡನಿಲ್ಲದವಳೂ ಆ ಮನೆಯನ್ನು ಹೊತ್ತು ನಿಂತಿದ್ದಾರೆ. ಲೆಕ್ಕ ಬರೆಯುವ ಕೈ ಮಾತ್ರ ಅವರದಲ್ಲ. ಲಚ್ಚ ಮನೆತನದ ಆಸ್ತಿಯನ್ನು ಹಾಳುಮಾಡಿದ ಮೇಲೆ ಅವನ ಹೆಂಡತಿ ನಾಗವೇಣಿ ತನ್ನ ಬದುಕನ್ನೆಲ್ಲ ಮಗ ರಾಮನ ಮೇಲೆ ನಿಲ್ಲಿಸುತ್ತಾಳೆ. ಆ ತಾಯಿಯಲ್ಲಿ ಇಂದಿನ ಸಣ್ಣ ಸಂಸಾರದ ತಾಯಿಯ ಮುಖ ನನಗೆ ಕಾಣುತ್ತದೆ: ಹಲವು ಮಕ್ಕಳಲ್ಲಿ ಹಂಚಬಹುದಾಗಿದ್ದ ಆಸೆ, ಅಂಜಿಕೆಗಳೆಲ್ಲ ಒಂದೇ ತಲೆಯ ಮೇಲೆ. ಸರಾಸರಿ 1.7 ಎಂಬ ಅಂಕಿ ಈ ಭಾರವನ್ನು ಹೇಳಲಾರದು.

ಇದೆಲ್ಲ ಹಳೆಯ ಕಥೆಯೆಂದು ಬಿಡುವಂತಿಲ್ಲ. ಗಾಳಿ ಈಗ ತಿರುಗಿದೆ. 2024ರ ಅಕ್ಟೋಬರಿನಲ್ಲಿ ಆಂಧ್ರಪ್ರದೇಶ ಮತ್ತು ತಮಿಳುನಾಡುಗಳ ಮುಖ್ಯಮಂತ್ರಿಗಳಿಬ್ಬರೂ ಹೆಚ್ಚು ಮಕ್ಕಳ ಮಾತನ್ನು ಸಾರ್ವಜನಿಕವಾಗಿ ಆಡಿದರು. ಒಬ್ಬರ ಚಿಂತೆ ಮುಪ್ಪಾಗುತ್ತಿರುವ ಜನಸಂಖ್ಯೆ, ಇನ್ನೊಬ್ಬರದು ಲೋಕಸಭೆಯ ಸ್ಥಾನಗಳು. 'ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ' ಎಂಬ ಗಾದೆಯನ್ನು ಆದರ್ಶವೆಂದು ಒಪ್ಪಿಕೊಂಡಿದ್ದ ಮನೆಗಳೇ ಈಗ ಒಂದು ಮಗುವಿಗೆ ನಿಲ್ಲುತ್ತಿವೆ. ಹಿಂದೆ 'ಹೆರಬೇಡಿ' ಎಂದವರು ಮಾಡಿದ ತಪ್ಪನ್ನೇ ಈಗ 'ಹೆರಿರಿ' ಎನ್ನುವವರು ಮಾಡುತ್ತಿದ್ದಾರೆ. ಇಬ್ಬರೂ ಹೇಳುವುದು ಆಜ್ಞೆ. ಇಬ್ಬರೂ ಕೇಳದಿರುವುದು ಕಾರಣ. ಬಾಡಿಗೆ ಮನೆ, ಶಾಲೆಯ ಶುಲ್ಕ, ಕೂಸನ್ನು ನೋಡಿಕೊಳ್ಳುವವರಿಲ್ಲದೆ ಕೆಲಸ ಬಿಡಬೇಕಾದ ತಾಯಿ, ಇವು ಇದ್ದ ಹಾಗೇ ಇರುವಾಗ ಭಾಷಣಕ್ಕೆ ಹೆದರಿ ಯಾರೂ ತೊಟ್ಟಿಲು ಕಟ್ಟುವುದಿಲ್ಲ.

ತರಗತಿಯ ಆ ಪ್ರಶ್ನೆಗೆ ಈಗ ನಾನು ಮರುಪ್ರಶ್ನೆ ಹಾಕುತ್ತೇನೆ: "ನಿಮ್ಮ ಅಜ್ಜಿಗೆ ಎಷ್ಟು ಮಕ್ಕಳು?" ಆರು, ಏಳು, ಒಂಬತ್ತು ಎಂದು ಉತ್ತರ ಬರುತ್ತದೆ, ಸತ್ತುಹೋದವರನ್ನು ಸೇರಿಸಿ ಎಂದರೆ ಇನ್ನೂ ಏರುತ್ತದೆ. "ಅಜ್ಜಿ ದಡ್ಡಿಯೇ?" ಎಂದಾಗ ತರಗತಿ ಸುಮ್ಮನಾಗುತ್ತದೆ. ಆಮೇಲೆ ಚೋಮನ ಗುಡಿಸಲಿಗೆ ಮರಳಿ ಹೋಗಿ ಪಾಠ ಮುಂದುವರಿಸುವುದು ಸುಲಭವಾಗುತ್ತದೆ.